ನಳ ಬಂದ ದಿನದ ಧ್ಯಾನ

ರಾಯದುರ್ಗ
17-11-2024, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೌಭಾಗ್ಯಾಗ,

ನಿನ್ನ ಗಂಡ ಗಂಗರಾಜು ಬರಿಯೋದು. ಲಗ್ನ ಆದಾಗಿಂದ ಒಂದು ಕಾಗದಾನೂ ಬರೆದಾವ ಅಲ್ಲ, ಈಗ್ಯಾಕ ಬರಿಯಾಕ ಕುಂತಾನ ಅಂತ ಗಾಬರಿ ಬೀಳಬ್ಯಾಡ. ಇಲ್ಲಿ ಎಲ್ಲಾ ಆರಾಮ. ಮೊದಲು ನಿನ್ನ ಕೈ ಹೆಂಗೈತಿ ಹೇಳು. ಬಾವು ಇಳಿದೈತೇನು? ಬೆರಳು ಆಡಿಸಾಕ ಬರ್ತಾವೇನು? ಡಾಕ್ಟ್ರು ಹೇಳಿದಂಗ ಕೈ ಎತ್ತಿ ಕಟ್ಕೊಂಡು ಇದ್ದೀಯೋ, ಇಲ್ಲಾ ಒಂದೇ ಕೈಲೆ ಕಡ್ಲೆಕಾಯಿ ಬಿಡಿಸ್ತಾ ಕುಂತೀಯೋ? ನೀನು ಸುಮ್ನ ಕುಂದ್ರಾಕಿ ಅಲ್ಲ ಅಂತ ನಂಗ ಗೊತ್ತು. (ಶೇಂಗಾ ಅಂತ ಬರೆದ್ರ ನಿಮ್ಮೂರು ಅಮರಾಪುರದಾಗ ಎಲ್ಲಾರೂ ನಗ್ತೀರಿ, ಅದಕ್ಕ ನಿಮ್ಮ ಭಾಷ್ಯಾಗೇ ಬರೆದೀನಿ ನೋಡು.) ಮಾವ ಸಣ್ಣತಿಮ್ಮಪ್ಪನೋರ ಕೆಮ್ಮು ಹೆಂಗೈತಿ? ರಾಗಿ ಕೊಯ್ಲು ಮುಗೀತೇನು? ಆ ಕುಂಟ ಕುರಿ ಮರಿ ಹಾಕ್ತೇನು?

ಫೋನ್ ಮಾಡೋದು ಬಿಟ್ಟು ಕಾಗದ ಯಾಕ ಅಂದ್ರ, ಫೋನ್ ನಿಮ್ಮಣ್ಣ ಯುವರಾಜಂದು, ಮಾತಾಡೋದು ನೀನು, ಕೇಳೋರು ಊರೆಲ್ಲಾ. ನಿಮ್ಮವ್ವ ಎರ್ರಮ್ಮತ್ತಿ ಸ್ಪೀಕರ್ ಹಾಕಿಸಿಬಿಡ್ತಾಳ. ಮೊನ್ನೆ ನಾನು 'ಸೌಭಾಗ್ಯಾ' ಅನ್ನೋಷ್ಟರಾಗ ನಿಮ್ಮಪ್ಪ, ನಿಮ್ಮಣ್ಣ, ಹಟ್ಟ್ಯಾಗಿನ ಕುರಿ ಎಲ್ಲಾ ಹಲೋ ಅಂದ್ವು. ಅಂಥಾದ್ರಾಗ ಗಂಡ ಹೆಂಡ್ತಿ ಮಾತು ಹೆಂಗ ಆಡೋದು? ಹಾಸ್ಟೆಲಿಂದ ನಮ್ಮ ಹೇಮಾ ಫೋನ್ ಮಾಡಿದ್ಲು. 'ಅಪ್ಪಾ, ಅನ್ನ ಮಾಡ್ಕೋತೀಯೋ, ಧ್ಯಾನದಾಗೇ ಹೊಟ್ಟಿ ತುಂಬಿಸ್ಕೋತೀಯೋ' ಅಂತ ಚಾಷ್ಟಿ ಮಾಡಿದ್ಲು. ಮಾಡ್ಕೋತೀನಿ. ಸಾರು ಮಾತ್ರ ದಿನಾ ಒಂದೊಂದು ತರ ಆಗ್ತೈತಿ, ಯಾವ ತರ ಅಂತ ನಂಗೂ ಮೊದಲೇ ಗೊತ್ತಿರಂಗಿಲ್ಲ.

ಈಗ ಪುಸ್ತಕದ ಸುದ್ದಿಗೆ ಬರ್ತೀನಿ. ನಿನಗ ಗೊತ್ತಿರೋದೇ, ಆದ್ರೂ ಮೊದಲಿಂದ ಹೇಳಿದ್ರ ಮಾತ್ರ ಮುಂದಿಂದು ಹೇಳಾಕ ನಂಗ ಧೈರ್ಯ ಬರ್ತೈತಿ. ಬಳ್ಳಾರಿ ಕಡಿಯ ಒಂದು ಕಾನ್ವೆಂಟಿನೋರು ಯೂನಿಫಾರ್ಮ್ ಪ್ಯಾಂಟು ಹೊಲಿಸಾಕ ನಮ್ಮ ಜೀನ್ಸ್ ಕಾರ್ಖಾನಿಗೆ ಬಂದಿದ್ರಲ್ಲ, ಆ ವಯಸ್ಸಾದ ಸಿಸ್ಟರು ನನ್ನ ಕಟಿಂಗ್ ಟೇಬಲ್ ಹತ್ರ ನಿಂತು ಏನೋ ಕೇಳಿದ್ರು. ಹೊಲಿಗಿ ಮಷಿನ್ ಸದ್ದಿನಾಗ ನಂಗ ತಿಳೀಲೇ ಇಲ್ಲ. 'ತಪ್ಪು ತಿಳೀಬ್ಯಾಡ್ರಿ ಸಿಸ್ಟರ್, ಮನಿಗೆ ಹೋದ್ರೂ ಈ ಮಷಿನ್ ನನ್ನ ಕಿವ್ಯಾಗ ಓಡ್ತಾನ ಇರ್ತಾವ, ನಿದ್ದ್ಯಾಗೂ ನಿಂದ್ರಂಗಿಲ್ಲ' ಅಂದೆ. ಮುಂದಿನ ಸಲ ಬಂದಾಗ ಈ ಪುಸ್ತಕ ತಂದು ಕೈಯಾಗ ಇಟ್ರು. ಅವರ ಪೈಕಿ ಒಬ್ಬ ಸನ್ಯಾಸಿ ಬರೆದದ್ದಂತ. ಅವರ ಮಠದಾಗ ದನ ನೋಡ್ಕೋತಾರಂತ, ಉಳಿದ ಹೊತ್ತು ದೇವರ ಮುಂದ ಸುಮ್ನ ಕುಂದ್ರತಾರಂತ, ಹಂಗ ಕುಂತಿದ್ದನ್ನೇ ಬರೀತಾರಂತ. 'ಕಿರಿಸ್ತಾನರ ಪುಸ್ತಕ ಓದಿ ಪಾದ್ರಿ ಆಗ್ಬುಡ್ತೀರೇನ್ರಿ' ಅಂತ ನೀನು ನಕ್ಕಿ. ಆಮ್ಯಾಲ ನೀನೇ ದಾರಿ ಹೇಳಿಕೊಟ್ಟಿ: 'ಏಸುಸ್ವಾಮಿ ಅಂತ ಬಂದ ಕಡೆ ಕಸಾಪುರದ ಹನುಮಂತರಾಯ ಅಂತ ಓದ್ಕಳಿ, ಯಾರ್ ಬ್ಯಾಡ ಅಂತಾರೆ.' ಒಂದು ವಾರ ಹಂಗೇ ಓದಿದೆ. ಆಮ್ಯಾಲ ಹಂಗ ಓದೋ ಜರೂರು ಬೀಳಲಿಲ್ಲ, ಅವರು ಬರೆದದ್ದು ಹಂಗಂಗೇ ಒಳಗ ಇಳೀತು.

ಎಷ್ಟು ಚೆಂದ ಬರೀತಾರ ಗೊತ್ತೇನು? 'ಯೋಚನೆಗಳು ನಿಲ್ದಾಣಕ್ಕೆ ಬರುವ ಬಸ್ಸುಗಳು. ಬಂದದ್ದನ್ನೆಲ್ಲ ಹತ್ತಬೇಕಾಗಿಲ್ಲ. ನೀನು ಕೂತಿರು, ಬಂದವು ತಾವಾಗಿಯೇ ಹೋಗುತ್ತವೆ' ಅಂತ ಒಂದು ಕಡೆ ಬರೆದಾರ. ನಮ್ಮ ರಾಯದುರ್ಗ ಬಸ್‌ಸ್ಟ್ಯಾಂಡಿನಾಗ ಕುಂತು ಬರೆದಂಗ ಅನ್ನಿಸ್ತು ನಂಗ. ಇನ್ನೊಂದು ಕಡೆ, 'ದೇವರ ಎದುರು ಏನನ್ನೂ ಕೇಳದೆ ಕೂರುವುದು ಕಷ್ಟ. ಬಾಯಿ ಸುಮ್ಮನಿದ್ದರೂ ಒಳಗೆ ಬೇಡಿಕೆಯ ಪಟ್ಟಿ ಓದುತ್ತಲೇ ಇರುತ್ತೇವೆ. ಓದಿ ಓದಿ ಸುಸ್ತಾದ ಮೇಲೆ ನಿಜವಾದ ಮೌನ ಶುರುವಾಗುತ್ತದೆ' ಅಂತಾರ. ಅದನ್ನ ಹಿಡಕೊಂಡು ದಿನಾ ಬೆಳಿಗ್ಗೆ, ಓಣ್ಯಾಗ ಹೊಲಿಗಿ ಮಷಿನ್ ಸುರು ಆಗೋಕ ಮುಂಚೆ, ಪಡಸಾಲ್ಯಾಗ ಬಾಗಿಲು ಹಾಕ್ಕೊಂಡು ಕುಂತೆ. ಹೊಲಿದ ಪ್ಯಾಂಟಿನ ದಾರ ಕತ್ತರಿಸೋ ಕೆಲಸ ಇರ್ತಿತ್ತಲ್ಲ ನಿಂಗ, ಆ ಕತ್ತರಿ ಸದ್ದು ನಂಗ ಕೇಳಬಾರದು ಅಂತ ನೀನು ಹಿತ್ತಲಿಗೆ ಹೋಗಿ ಚಳ್ಯಾಗ ಕುಂತು ಕತ್ತರಿಸ್ತಿದ್ದಿ. ಅದನ್ನ ಈಗ ನೆನೆಸಿಕೊಂಡ್ರ ಮೈ ಉರೀತೈತಿ. ನಿನ್ನ ಮ್ಯಾಲಲ್ಲ, ನನ್ನ ಮ್ಯಾಲ.

ನಳ ಬಂದ ದಿನ ನೀರು ಎತ್ತಿ ಡ್ರಮ್ಮಿಗೆ ಸುರಿಯೋದು ನನ್ನ ಕೆಲಸ. ಇಷ್ಟು ವರ್ಷ ನಂದೇ ಇತ್ತು. ಪುಸ್ತಕ ಬಂದ ಮ್ಯಾಲ ಅದೂ ನಿಂದಾತು. 'ನೀವು ಕುಂತ್ಕಳಿ, ನಾನು ನೋಡ್ಕತೀನಿ' ಅಂದಿ, ನಾನು ಹೌದಪ್ಪ ಅಂತ ಕುಂತುಬಿಟ್ಟೆ. ಹಿತ್ತಲ ನೆಲಕ್ಕ ಹಾಸಿದ ಬಂಡಿ ಮ್ಯಾಲಿನ ಪಾಚಿ ತಿಕ್ಕಿ ತೆಗೀತೀನಿ ಅಂತ ನಾನೇ ಅಂದಿದ್ದೆ, ತೆಗೀಲಿಲ್ಲ. ದಸರಾ ಮುಗಿದ ವಾರ ಅದರ ಮ್ಯಾಲೇ ನೀನು ಬಿಂದಿಗಿ ಸಮೇತ ಜಾರಿಬಿದ್ದಿ. ಕೂಗಿದಿ. ಪಕ್ಕದ ಮನಿ ನಾಗಲಕ್ಷ್ಮಿ ಗೋಡಿ ಸುತ್ತಿಬಂದು ನಿನ್ನ ಎಬ್ಬಿಸಿ ಕುಂದ್ರಿಸಿ, ಆಮ್ಯಾಲ ಪಡಸಾಲಿ ಬಾಗಿಲು ದಬದಬ ಬಡಿದಾಗ ನಾನು ಎದ್ದು ಬಂದೆ. ಅಕಿ ಬರೋತನಕ ಮುರಿದ ಕೈ ಮೈ ಕೆಳಗ ಹಾಕ್ಕೊಂಡು ಆ ತಣ್ಣೀರಾಗ ಬಿದ್ದಿದ್ದಿ ನೀನು. 'ಏನಣ್ಣಾ, ಕೇಳಲಿಲ್ಲೇನು?' ಅಂದ್ಲು ನಾಗಲಕ್ಷ್ಮಿ. ನಾನು ಬಾಯಿ ತೆರೆಯೋಕ ಮುಂಚೆ ನೀನೇ, ಹಲ್ಲು ಕಚ್ಕೊಂಡು, 'ಅವರಿಗೆಲ್ಲಿ ಕೇಳಿಸ್ತದೆ ಕಣಕ್ಕ, ಅಂಥಾ ಧ್ಯಾನ ಅವರ್ದು' ಅಂದಿ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಟೋ ಕರ್ಯಾಕ ಓಡಿದೆ.

ಆ ಒಂದು ಮಾತು ಏನೇನು ಮಾಡೇತಿ ಅಂತ ನೀನಿಲ್ಲಿ ಇದ್ದು ನೋಡಬೇಕಿತ್ತು. ಆಸ್ಪತ್ರ್ಯಾಗ ನೋಡಾಕ ಬಂದೋರಿಗೆಲ್ಲಾ ನೀನು ಅದನ್ನೇ ಹೇಳಿದಿ. ಈಗ ಓಣ್ಯಾಗ ನಾನು ಗಂಗರಾಜು ಅಲ್ಲ, ಸ್ವಾಮಿ. ಹೆಂಡ್ತಿ ಬಿದ್ದು ಕೂಗಿದ್ರೂ ಎಚ್ಚರ ಆಗಲಿಲ್ಲಂತ, ಎಂಥಾ ಏಕಾಗ್ರತಿ ಅಂತ ಮಾತಾಡ್ತಾರ! ಚಾ ಅಂಗಡ್ಯಾಗ ಎದ್ದು ಕುರ್ಚಿ ಬಿಟ್ಟುಕೊಡ್ತಾರ. ನಮ್ಮ ಸಾವ್ಕಾರ ಕೊಟ್ರಬಸಪ್ಪ, ಒಂದು ನಿಮಿಷ ತಡ ಆದ್ರ ಮನಿತನ ಎಲ್ಲಾ ಜಾಲಾಡಿಸೋ ಮನುಷ್ಯ, 'ಗಂಗರಾಜಣ್ಣ, ನಮ್ಮ ಹುಡುಗ್ರಿಗೂ ಸ್ವಲ್ಪ ಧ್ಯಾನ ಕಲಿಸ್ರಿ' ಅಂತ ಕೈ ಮುಗೀತಾನ. ನಾಗಲಕ್ಷ್ಮಿ ಒಬ್ಬಾಕಿ ಮಾತ್ರ ನನ್ನ ಸ್ವಾಮಿ ಅನ್ನಂಗಿಲ್ಲ. ರೊಟ್ಟಿ ತಂದುಕೊಡ್ತಾಳ, ಮುಖ ನೋಡಂಗಿಲ್ಲ.

ಮಂಗಳವಾರ ಇನ್ನೊಂದು ಅನಾಹುತ ಮಾಡಿದೆ. ಟೇಬಲ್ ಮ್ಯಾಲ ಬಟ್ಟಿ ಪದರಿನ ಮ್ಯಾಲ ಪದರು ಹಾಸಿ, ಮ್ಯಾಲಿನದಕ್ಕ ರಟ್ಟಿನ ಅಚ್ಚು ಇಟ್ಟು ಗೆರಿ ಎಳೆದು, ಎಲ್ಲಾ ಒಟ್ಟಿಗೇ ಕತ್ತರಿಸ್ತೀನಲ್ಲ, ಅವತ್ತು ಬಲಗಾಲಿಗೆ ಅಚ್ಚು ತಿರುವಿ ಇಡೋದೇ ಮರೆತೆ. ಅಷ್ಟೂ ಎಡಗಾಲು! ರಾಶಿ ಬಟ್ಟ್ಯಾಗ ಒಂದಾದ್ರೂ ಬಲಗಾಲು ಇಲ್ಲ. ಹುಡುಗ್ರು ಬಾಯಿ ಮುಚ್ಕೊಂಡು ನಕ್ರು. ಸಾವ್ಕಾರ ಬಂದ, ನೋಡಿದ, 'ಹೋಗ್ಲಿ ಬಿಡ್ರಿ, ನಿಮ್ಮ ಮನಸು ಎಲ್ಲೋ ಮ್ಯಾಲೈತಿ' ಅಂದ. ಅವನು ಬೈದಿದ್ರ ಅವತ್ತು ನಂಗ ಊಟ ಸೇರ್ತಿತ್ತು. ನನ್ನ ಮನಸು ಎಲ್ಲಿತ್ತು ಅಂದ್ರ, ನಮ್ಮ ಹಿತ್ತಲ ಬಂಡಿ ಮ್ಯಾಲ ಇತ್ತು. ಅದಿರಲಿ ಸೌಭಾಗ್ಯಾ, ನಿಂಗ ಹೇಳಬೇಕಾದ ಇನ್ನೊಂದು ಮಾ

ನಳ ಬಂದಿತ್ತು. ಮಾತು ಅಂತ ಬರೆಯೋಷ್ಟರಾಗ ನಾಗಲಕ್ಷ್ಮಿ ಗೋಡಿ ಆಚಿಂದ ಕೂಗಿದ್ಲು, ಹಂಗೇ ಬಿಟ್ಟು ಎದ್ದು ಹೋದೆ. ಡ್ರಮ್ಮು ತುಂಬಿಸಿ ಬಂದೀನಿ, ಅಕಿ ಮನ್ಯಾಗಿನ ಡ್ರಮ್ಮೂ ತುಂಬಿಸಿಕೊಟ್ಟು ಬಂದೀನಿ. ಕೈ ಒದ್ದಿ ಐತಿ, ಅಕ್ಷರ ಹರಡಿದ್ರ ಬೈಬ್ಯಾಡ. ಬಂಡಿ ಮ್ಯಾಲಿನ ಪಾಚಿ ನೀನು ಊರಿಗೆ ಹೋದ ಮರುದಿನನೇ ತಿಕ್ಕಿದೆ. ಈಗ ಅಲ್ಲಿ ಬರಿಗಾಲಾಗ ಓಡಬಹುದು. ಮೊದಲೇ ಮಾಡಿದ್ರ ಏನಾಗ್ತಿತ್ತೋ ಮೂಳ ಅಂತ ನೀನು ಅನ್ನಂಗಿಲ್ಲ, ನಿನ್ನ ಪರವಾಗಿ ನಾನೇ ಅನ್ಕೊಂಡೀನಿ.

ಅರ್ಧಕ್ಕ ಬಿಟ್ಟು ಯಾಕ ಎದ್ದೆ ಅಂದ್ರ ಅದೂ ಆ ಪುಸ್ತಕದಾಗೇ ಐತಿ. 'ನಮ್ಮ ಮಠದಲ್ಲಿ ಗಂಟೆಯಾದರೆ ಬರೆಯುತ್ತಿದ್ದ ಅಕ್ಷರವನ್ನು ಪೂರ್ತಿ ಮಾಡಲೂ ಕೂರುವಂತಿಲ್ಲ. ಕರೆದವರ ಕಡೆಗೆ ಏಳಬೇಕು. ಎದ್ದು ಬರಲಾಗದ ಪ್ರಾರ್ಥನೆ ಪ್ರಾರ್ಥನೆಯಲ್ಲ. ಅಲ್ಲಿ ಕೂತವನು ದೇವರ ಜೊತೆಗಿಲ್ಲ, ತನ್ನ ಜೊತೆಗೇ ಇದ್ದಾನೆ.' ಇದನ್ನ ನಾನು ಯಾವಾಗ ಓದಿದೆ ಗೊತ್ತೇನು? ಆಸ್ಪತ್ರಿ ವರಾಂಡದಾಗ, ಒಳಗ ನಿನ್ನ ಎಲುಬು ಕೂಡಿಸ್ತಿದ್ರು, ನೀನು 'ಅವ್ವಾ' ಅಂತ ಚೀರ್ತಿದ್ದಿ, ಆಗ. ಅಲ್ಲೀತನಕ ನಾನು ಅರ್ಧ ಪುಸ್ತಕ ಓದಿ ಮುಚ್ಚಿಟ್ಟಿದ್ದೆ. ಕುಂದ್ರು, ಸುಮ್ನಿರು, ಬಂದದ್ದನ್ನ ಹೋಗಬಿಡು ಅನ್ನೋದು ನಂಗ ಬೇಕಾಗಿತ್ತು, ಅಷ್ಟು ಸಾಕು ಅನ್ಕೊಂಡೆ. ಅದಕ್ಕ ನೀನು ಪುಸ್ತಕದ ಮ್ಯಾಲ ಸಿಟ್ಟಾಗಬ್ಯಾಡ, ನಿಮ್ಮಣ್ಣಗೂ ಹೇಳು. ಆ ಸನ್ಯಾಸಿ ಸರಿಯಾಗೇ ಬರೆದಾರ.

ಶುಕ್ರವಾರ ಫೋನಿನಾಗ ನೀನು ಹೇಳಿದ್ದು ಕಿವ್ಯಾಗ ಕುಂತೈತಿ. 'ಗುರುವಾರ ಬತ್ತೀನಿ, ಅವ್ವನೂ ಬತ್ತಾಳೆ, ನಿಮ್ಮ ಮುಂದೆ ಒಂದು ಗಳಿಗೆ ಕುಂತ್ಕಂಡ್ರೆ ಸಾಕಂತೆ ಅವಳಿಗೆ. ಇನ್ಮ್ಯಾಕೆ ಬೆಳಗಿನ ಹೊತ್ತು ನಾನು ನಿಮ್ಮನ್ನ ಕೂಗಾಕಿಲ್ಲ ಬುಡಿ, ಏನಾದ್ರೂ ಆಗ್ಲಿ.' ಏನಾದ್ರೂ ಆಗ್ಲಿ ಅಂತೀಯಲ್ಲೇ, ಮತ್ತ ಬಿದ್ರ? ಎದಿ ನೋವು ಬಂದ್ರ? ಬಾಯಿ ಮುಚ್ಕೊಂಡು ಬಿದ್ದಿರ್ತೀಯೇನು, ನನ್ನ ಧ್ಯಾನ ಕೆಡ್ತೈತಿ ಅಂತ? ಸ್ಪೀಕರಿನಾಗ ನಿಮ್ಮವ್ವ 'ನೀವು ದೊಡ್ಡೋರು ಅಳಿಯಂದ್ರೇ' ಅನ್ನಾಕ ಹತ್ತಿದ್ಲು, ನಾನು ಸಿಗ್ನಲ್ ಇಲ್ಲ ಅಂತ ಇಟ್ಟುಬಿಟ್ಟೆ. ಸಿಗ್ನಲ್ ಇತ್ತು. ನೀನು ಬಿದ್ದಾಗಿಂದ ನಾನು ಧ್ಯಾನಕ್ಕ ಕುಂತೇ ಇಲ್ಲ, ಅದನ್ನೂ ಯಾರಿಗೂ ಹೇಳಿಲ್ಲ. ಬಾಗಿಲು ಹಾಕ್ಕೊಂಡು ಪಡಸಾಲ್ಯಾಗ ಸುಮ್ನ ಗೋಡಿ ನೋಡ್ತೀನಿ, ಹೊರಗ ಮಂದಿ ಮೆಲ್ಲಕ ಮಾತಾಡ್ತಾ ಹೋಗ್ತಾರ. ಇಂಥಾ ನಾಚಿಕಿ ನಾನು ಹುಟ್ಟಿದಾಗಿಂದ ಪಟ್ಟಿಲ್ಲ.

ಇರ್ಲಿ. ಔಷಧ ತಪ್ಪಿಸಬ್ಯಾಡ. ಹಾಲು ಕುಡಿ, ಚಾದಾಗ ಬೆರೆಸಿದ್ದು ಹಾಲಲ್ಲ. ಮಾವಗ, ಅತ್ತಿಗ ನನ್ನ ನಮಸ್ಕಾರ ಹೇಳು. ಯುವರಾಜಗ ನೆನಸಿದೆ ಅಂತ ಹೇಳು, ನಿನ್ನ ಕೈ ನೋಡಿ ಅವನು ನನ್ನ ಮ್ಯಾಲ ಒಂದು ಮಾತೂ ಎತ್ತಲಿಲ್ಲ, ದೊಡ್ಡ ಮನಸು. ಹನುಮಂತರಾಯ ನಿನ್ನ ಎಲುಬು ಮೊದಲಿನಂಗ ಕೂಡಿಸಲಿ. ಆ ಸನ್ಯಾಸಿಯ ಏಸುಸ್ವಾಮಿಗೂ ಅದನ್ನೇ ಕೇಳಿಕೊಂಡೀನಿ. ಏನೂ ಕೇಳಬಾರದು ಅಂತ ಬರೆದಾರ, ಆದ್ರೂ ಕೇಳಿದೆ.

ನಿನ್ನ,
ಗಂಗರಾಜು

ತಾ.ಕ.: ಲಕೋಟಿ ಅಂಟಿಸಿದ್ದೆ, ಮತ್ತ ಹರಿದೆ. ಇಷ್ಟುದ್ದ ಬರೆದು ಹೇಳಬೇಕಾದ್ದೇ ಹೇಳಿಲ್ಲ. ಸೌಭಾಗ್ಯಾ, ನಂಗ ಕೇಳಿತ್ತು. ನಳ ಬಂತು ಅಂದಿದ್ದೂ ಕೇಳ್ತು, ಬಿಂದಿಗಿ ಉರುಳಿದ್ದೂ ಕೇಳ್ತು, ಆಮ್ಯಾಲ ನೀನು ಕೂಗಿದ್ದು ನೀರಿಗಲ್ಲ ಅಂತಾನೂ ತಿಳೀತು. 'ಪಾಪ, ಅವರ್ನ ಎಬ್ಬಿಸಬ್ಯಾಡ' ಅಂತ ನಾಗಲಕ್ಷ್ಮಿಗೆ ಅಂದ್ಯಲ್ಲ, ಅದೂ ಕೇಳ್ತು. ಅವತ್ತು ಮೊದಲನೇ ಸಲ ನನ್ನ ಕಿವ್ಯಾಗಿನ ಮಷಿನ್ ನಿಂತಿದ್ವು, ಎದ್ರ ಮತ್ತ ಸುರು ಆಗ್ತಾವ ಅಂತ ಇನ್ನೊಂದು ಚೂರು, ಇನ್ನೊಂದು ಚೂರು ಅಂತ ಕುಂತೆ. ಅವು ನಿಂತಿದ್ದಕ್ಕನ ನಿನ್ನ ದನಿ ಅಷ್ಟು ಸಾಫ್ ಕೇಳ್ತು, ಇಷ್ಟು ವರ್ಷದಾಗ ಅಷ್ಟು ಸಾಫ್ ಎಂದೂ ಕೇಳಿರಲಿಲ್ಲ. ಇದನ್ನ ನಿಮ್ಮವ್ವಗೂ ಓದಿ ಹೇಳು. ಆಮ್ಯಾಲ ಗುರುವಾರ ಬಸ್ ಹತ್ತೋದು ಬಿಡೋದು ನಿಂಗ ಬಿಟ್ಟಿದ್ದು. ಬಂದ್ರ, ಕೂಗು.