ಎಂದು ಓದಿಕೊಳ್ಳಬೇಕು

ಮಾರ್ಚ್ 3, ಭಾನುವಾರ. ಬೆಳಗ್ಗೆ 7

ಇವತ್ತಿನ ಪೇಪರಿನಲ್ಲಿ ತಿದ್ದುಪಡಿ ಎರಡು. ನಿನ್ನೆ ಮೂರನೇ ಪುಟದಲ್ಲಿ ತೀರಿಕೊಂಡವರ ವಯಸ್ಸು 87 ಎಂದಾಗಿತ್ತು. 78 ಎಂದು ಓದಿಕೊಳ್ಳಬೇಕು. ಏಳನೇ ಪುಟದ ಫೋಟೋದಲ್ಲಿ ಎಡದಿಂದ ಮೂರನೆಯವರು ಖಜಾಂಚಿ ಅಲ್ಲ, ಖಜಾಂಚಿಯ ಭಾವಮೈದ. ಕಣ್ತಪ್ಪಿನಿಂದಾದ ಪ್ರಮಾದಕ್ಕೆ ವಿಷಾದಿಸುತ್ತೇವೆ... ಪ್ರೂಫ್ ನೋಡುವ ನಾನು ಇಪ್ಪತ್ತಾರು ವರ್ಷದಿಂದ ಬರೆಯುತ್ತಿರುವುದು ಅದೇ ಮೂಲೆ, ಅದೇ ವಾಕ್ಯ. ತಪ್ಪು ಮಾಡುವುದು ಯಾವಾಗಲೂ ಕಣ್ಣು. ಮನುಷ್ಯ ಅಲ್ಲ.

ಅಡುಗೆಮನೆ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ. ಹೆಂಡತಿ: "ಊರಿನವರ ತಪ್ಪೆಲ್ಲ ತಿದ್ದುತ್ತೀರಿ. ಇದಕ್ಕೊಂದು ವಾಷರ್ ಹಾಕಿಸೋಕೆ ಆಗಲ್ಲ."

ರೆಕಾರ್ಡ್ ಕಂಪನಿಯ ಪತ್ರ ಮತ್ತೆ ಓದಿದೆ. ನಾವು ಹುಡುಗರಾಗಿದ್ದಾಗ ಹುಚ್ಚು ಹಿಡಿಸಿಕೊಂಡಿದ್ದ ರಾಕ್ ಬ್ಯಾಂಡಿನ ಮೊದಲ ಎರಡು ವರ್ಷದ ಲೈವ್ ರೆಕಾರ್ಡಿಂಗುಗಳನ್ನೆಲ್ಲ ಸೇರಿಸಿ ಒಂದು ಸೆಟ್ ತರುತ್ತಿದ್ದಾರೆ. ಮೂವತ್ತೆಂಟು ವರ್ಷದ ಹಿಂದಿನ ಟೌನ್ ಹಾಲಿನ ಕಾರ್ಯಕ್ರಮದ್ದು ಉಳಿದಿರುವುದು ನನ್ನ ಕ್ಯಾಸೆಟ್ ಒಂದೇ. ಅದು ಬೇಕಂತೆ. ಜೊತೆಗೆ 'ಓಟ'ದ ಬಗ್ಗೆ ನಾನೇ ಒಂದು ಪುಟ ಬರೆದುಕೊಡಬೇಕಂತೆ. ಇಪ್ಪತ್ತನೇ ತಾರೀಖಿನೊಳಗೆ.

ಆ ಕ್ಯಾಸೆಟ್ಟಿನ ವೇಗಕ್ಕೆ ಓಟ ಎಂದು ಹೆಸರಿಟ್ಟವನೂ ನಾನೇ. ಅವರ ಅತಿ ಉದ್ದದ ಹಾಡು ಆಲ್ಬಮಿನಲ್ಲಿ ಇಪ್ಪತ್ತೆರಡೂವರೆ ನಿಮಿಷ. ನನ್ನ ಕ್ಯಾಸೆಟ್ಟಿನಲ್ಲಿ ಇಪ್ಪತ್ತೊಂದು. ಕೊನೆಕೊನೆಗೆ ಕುದುರೆ ಲಗಾಮು ಕಿತ್ತುಕೊಂಡ ಹಾಗೆ. "ಶುರುವಿನ ದಿನಗಳಲ್ಲಿ ಇವರು ಹೀಗೆ ನುಡಿಸುತ್ತಿದ್ದರು, ಸ್ಟುಡಿಯೋ ಇವರನ್ನು ಸಾಕಿದ ಪ್ರಾಣಿ ಮಾಡಿತು" ಎಂದು ಒಂದು ಲೇಖನದಲ್ಲಿ ಬರೆದಿದ್ದೆ. ಪ್ರೋಗ್ರೆಸಿವ್ ರಾಕ್ ಕೇಳುವವರಲ್ಲಿ ಈ ಮಾತು ಬಾಯಿಪಾಠ ಇಲ್ಲದವರು ಕಡಿಮೆ.

ಸಂಜೆ 6

ಈ ಸಂಗೀತ ಕೇಳುವ ನಮ್ಮ ಬಳಗ ಸೇರಿದ್ದು ಎಂದಿನಂತೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಭಾನುವಾರ ರೋಗಿಗಳಿಲ್ಲ. ಗೋಡೆ ತುಂಬ ಹುಳುಕು ಹಲ್ಲಿನ ಚಿತ್ರ, ಕೆಳಗೆ ನಾವು ಒಂಬತ್ತು ಜನ, ನಡುವೆ ಸ್ಪೀಕರ್. ಪತ್ರ ಓದಿ ಹೇಳಿದೆ. ಚಪ್ಪಾಳೆ. ಕ್ಯಾಸೆಟ್ ಹಾಕಿದೆವು. ಏಳು ಎಣಿಕೆಯ ತಾಳದ ಭಾಗ ಬಂದಾಗ ಎಲ್ಲರ ಮೊಣಕಾಲೂ ಕುಣಿಯಿತು.

"ಆಲ್ಬಮ್ಮಲ್ಲಿ ಈ ಜೋಶ್ ಎಲ್ಲಿದೆ ಹೇಳಿ, ಪ್ರೂಫ್ ಸಾರ್?" ಎಂದರು ಡಾಕ್ಟರು. "ಅಲ್ಲಿ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದ ಹಾಗಿದೆ."

ಹೊಸದಾಗಿ ಸೇರಿದವಳೊಬ್ಬಳಿದ್ದಾಳೆ. ಕಿವಿ ಮೆಷಿನ್ ಕೊಡುವ ಅಂಗಡಿಯಲ್ಲಿ ಕೆಲಸವಂತೆ. ತೊಡೆಯ ಮೇಲೆ ಲ್ಯಾಪ್‌ಟಾಪ್.

"ಸಾರ್, ಹಾಡಿನ ಹಿಂದೆ ಗುಂಯ್ ಅನ್ನೋ ಸದ್ದಿದೆಯಲ್ಲ?"

"ಆಂಪ್ಲಿಫೈಯರಿನ ಹಮ್. ಹಳೇ ಕಟ್ಟಡ, ಹಳೇ ವೈರಿಂಗು."

"ಕರೆಂಟಿನ ಹಮ್ ಸೆಕೆಂಡಿಗೆ ಐವತ್ತು ಕಂಪನ ಇರಬೇಕು. ಇದು ಶುರುವಲ್ಲಿ ಐವತ್ತೆರಡಿದೆ, ಕೊನೆಗೆ ಐವತ್ತೈದು. ಬ್ಯಾಂಡಿನವರು ಜೋಶಲ್ಲಿ ಓಡಲಿ. ಕರೆಂಟ್ ಯಾಕೆ ಸಾರ್ ಓಡುತ್ತೆ?"

ಡಾಕ್ಟರು ಹಳೇ ಜೋಕು ತೆಗೆದರು. "ರಿಪೇರಿಯವನ ಕಿವಿಗೇ ರಿಪೇರಿ ಬೇಕು!" ಎಲ್ಲರೂ ನಕ್ಕರು. ನಾನೂ. ಅವಳು ನಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದಳು.

ಮಾರ್ಚ್ 4, ಸೋಮವಾರ

ಆ ಜೋಕು ನನ್ನದು. ಇಪ್ಪತ್ತು ವರ್ಷದ ಹಿಂದೆ ಬಳಗದ ಜೆರಾಕ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು.

ರಿಪೇರಿ ಅಂದರೆ ರೇಡಿಯೋ ರಿಪೇರಿಯವನು. ಸ್ಕೂಲಿನಿಂದ ಜೊತೆಯವನು. ಟೌನ್ ಹಾಲಿನ ದಿನ ಟೇಪ್ ರೆಕಾರ್ಡರ್ ಅವನದು, ಮೈಕು ಅವನು ಕೈಯಾರೆ ಮಾಡಿದ್ದು. ಅವನು ಸ್ಟೇಜಿನ ಹಿಂದೆ ಆಂಪ್ಲಿಫೈಯರ್ ನೋಡಿಕೊಳ್ಳುತ್ತಿದ್ದ. ನಾನು ಮೂರನೇ ಸಾಲಿನಲ್ಲಿ ರೆಕಾರ್ಡರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹೊಸ ಸೆಲ್ ಹಾಕುವ ಜವಾಬ್ದಾರಿ ನನಗೆ.

ಓಟದ ಲೇಖನ ಬಂದಾಗ ಬಳಗದಲ್ಲಿ ಅವನೊಬ್ಬನೇ ಎದ್ದು ನಿಂತು ಹೇಳಿದ್ದು: "ಟೇಪು ಫಾಸ್ಟ್ ಇದೆ ಕಣೋ, ಶ್ರುತಿಯೂ ಮೇಲಿದೆ. ಗಿಟಾರಿನ ಶ್ರುತಿ ಏರಿಸಬಹುದು, ಆರ್ಗನ್ನಿಂದು ಹೇಗೆ ಏರಿಸ್ತೀಯ? ಸೆಲ್ ಸೊರಗಿತ್ತು ಅನ್ಸುತ್ತೆ." ಸೆಲ್ ಸೊರಗಿದರೆ ರೆಕಾರ್ಡ್ ಆಗುವಾಗ ಟೇಪು ನಿಧಾನ ತಿರುಗುತ್ತದೆ. ಆಮೇಲೆ ಸರಿಯಾದ ಮೆಷಿನ್ನಿನಲ್ಲಿ ಹಾಕಿದರೆ ಹಾಡು ಓಡುತ್ತದೆ. ಅಷ್ಟೇ ವಿಷಯ.

"ಸೆಲ್ ಹೊಸದಿತ್ತು" ಎಂದೆ. ಮುಂದಿನ ಸಂಚಿಕೆಗೆ ಆ ಒಂದು ಸಾಲು ಬರೆದೆ. ಅವನು ಮತ್ತೆ ಬರಲಿಲ್ಲ. ಜೋಕು ಮಾತ್ರ ಪ್ರತಿ ಭಾನುವಾರ ಬರುತ್ತದೆ.

ಮಾರ್ಚ್ 10, ಭಾನುವಾರ

ಬಳಗಕ್ಕೆ ಹೋಗಲಿಲ್ಲ. ನೆಗಡಿ ಎಂದೆ.

ಕಂಪನಿಗೆ ಒಂದು ಪುಟ ಬರೆದೆ. ಚೆನ್ನಾಗಿ ಬಂದಿದೆ. ಅದೇ ತೊಂದರೆ.

"ಅಷ್ಟು ಹೊತ್ತಿಂದ ಆ ಟ್ರಂಕನ್ನೇ ನೋಡ್ತಾ ಕೂತಿದ್ದೀರಲ್ಲ, ಅದೇನು ಎದ್ದು ಬಂದು ಮಾತಾಡುತ್ತಾ?" ಎಂದಳು ಹೆಂಡತಿ. ಟ್ರಂಕಿನಲ್ಲಿ ನನ್ನ ಡೈರಿಗಳಿವೆ. ನಲವತ್ತೊಂದು. ವರ್ಷದ ಪ್ರಕಾರ ಜೋಡಿಸಿವೆ. ಬೇಕಾದ್ದು ಯಾವುದೆಂದು ಗೊತ್ತು. ಬೆನ್ನಿನ ಬಣ್ಣ ಸಹ ಗೊತ್ತು.

ತೆಗೆಯಲಿಲ್ಲ.

ಮಾರ್ಚ್ 13, ಬುಧವಾರ. ಮಧ್ಯಾಹ್ನ 2

ತೆಗೆದೆ. ಇದ್ದದ್ದು ಇದ್ದಂತೆ ಇಲ್ಲಿ ಇಳಿಸುತ್ತೇನೆ. ಅಕ್ಷರ ನನ್ನವೇ, ಈಗಿನವಕ್ಕಿಂತ ದುಂಡಗಿವೆ.

"ಹೊಸ ಸೆಲ್ ತರಲು ಮರೆತೆ. ಮನೆಯ ಟಾರ್ಚಿನವೇ ಹಾಕಿದೆ. ಶುರುವಾಗುವ ಮೊದಲು ಅವನು ಬಂದು ಸೆಲ್ ಬದಲಿಸಿದೆಯಾ ಎಂದ. ಬದಲಿಸಿದ್ದೇನೆ ಎಂದೆ. ರೆಕಾರ್ಡಿಂಗ್ ಭರ್ಜರಿ!"

ಇದನ್ನೆಲ್ಲ ಮರೆತೇಬಿಟ್ಟಿದ್ದೆ ಎಂದು ಬರೆಯಲು ಪೆನ್ನು ತೆಗೆದುಕೊಂಡೆ. ಮರೆತಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಅವನು ಎದ್ದು ನಿಂತಾಗ ಟಾರ್ಚಿನ ಬಣ್ಣ ಕಣ್ಣಿಗೆ ಬಂದಿತ್ತು. ಹಸಿರು. ಅದಕ್ಕೇ ಜೋಕು ಅಷ್ಟು ಚುರುಕಾಗಿ ಬಂದದ್ದು.

ಸಂಜೆ

ನಮ್ಮ ಪೇಪರಿನ ವೆಬ್ ಆವೃತ್ತಿಗೆ ಧ್ವನಿ ಸಿದ್ಧಮಾಡುವವನ ಹತ್ತಿರ ಹಮ್ಮನ್ನು ಐವತ್ತಕ್ಕೆ ತರಿಸಿ ಹಾಡು ಕೇಳಿದೆ. ಇಪ್ಪತ್ತೆರಡೂವರೆ ನಿಮಿಷ. ಆಲ್ಬಮಿನಷ್ಟೇ ನಿಧಾನ. ಓಟವೂ ಇಲ್ಲ, ಬೆಂಕಿಯೂ ಇಲ್ಲ. ಡ್ರಮ್ಮಿನವನು ಎರಡು ಕಡೆ ಎಡವುತ್ತಾನೆ. ಸಾಮಾನ್ಯ ಹುಡುಗರು ಹೆದರಿಕೊಂಡು ನುಡಿಸುತ್ತಿದ್ದಾರೆ. ಮೂವತ್ತೆಂಟು ವರ್ಷ ನಾನು ತಲೆಯ ಮೇಲೆ ಹೊತ್ತು ಮೆರೆಸಿದ್ದು ಟಾರ್ಚಿನ ಸೆಲ್ಲನ್ನು.

ಮಾರ್ಚ್ 14, ಗುರುವಾರ

ರಿಪೇರಿಯ ಅಂಗಡಿಗೆ ಹೋದೆ. ಅದೇ ಮೂರು ಮೆಟ್ಟಿಲು. ಅದೇ ಬೆಸುಗೆಯ ವಾಸನೆ. ಒಳಗೆ ಬೆಂಚಿನ ಮೇಲೆ ಬಿಚ್ಚಿದ ರೇಡಿಯೋ. ಅದರ ಸ್ಪೀಕರಿನ ಕಾಗದಕ್ಕೆ ಬೆರಳ ತುದಿ ತಾಗಿಸಿಕೊಂಡು, ಕಣ್ಣು ಮುಚ್ಚಿ ಕೂತಿದ್ದ. ಕರೆದೆ. ತಿರುಗಲಿಲ್ಲ. ಹತ್ತಿರ ಹೋಗಿ ಹೆಗಲು ಮುಟ್ಟಿದೆ.

"ಓಹೋಹೋ, ಪ್ರೂಫು! ಬಾರೋ, ಬಾ!" ಇಡೀ ಬೀದಿಗೆ ಕೇಳುವಷ್ಟು ಜೋರು. "ಕೂಗಬೇಡ, ಪ್ರಯೋಜನ ಇಲ್ಲ. ಎರಡೂ ಕಿವಿ ಹೋಗಿ ನಾಲ್ಕು ವರ್ಷ ಆಯ್ತು. ಮೆಷಿನ್ನೂ ಹಿಡಿಯಲ್ಲ. ರಿಪೇರಿ ಬೇಕು ಅಂತ ನೀನು ಆವತ್ತೇ ಹೇಳಿದ್ದೆ ಬಿಡು. ಸ್ಪೇರ್ ಪಾರ್ಟ್ ಸಿಗಲಿಲ್ಲ ನೋಡು." ಹೊಟ್ಟೆ ಹಿಡಿದುಕೊಂಡು ನಕ್ಕ.

ನಗುವಿನಲ್ಲಿ ವಿಷ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

ಪ್ಯಾಡೊಂದನ್ನು ಮುಂದೆ ತಳ್ಳಿದ. "ಇದರಲ್ಲಿ ಬರಿ. ಬರೆಯೋದೇ ನಿನ್ನ ಕಸುಬಲ್ಲವಾ."

ಪೆನ್ಸಿಲ್ ಹಿಡಿದೆ. ದಿನಕ್ಕೆ ಎರಡು ಮೂರು ತಿದ್ದುಪಡಿ ಬರೆಯುವ ಕೈ. 'ಸೆಲ್' ಎಂದು ಬರೆದೆ. ಮುಂದಿನ ಪದ ಬರಲಿಲ್ಲ. ಅವನು ಪ್ಯಾಡು ತನ್ನ ಕಡೆ ತಿರುಗಿಸಿಕೊಂಡ.

"ಸೆಲ್ಲಾ? ಅಯ್ಯೋ, ಅದಕ್ಕೆ ಇಷ್ಟು ಯೋಚನೆಯೇನೋ! ದಪ್ಪಂದೋ, ಪೆನ್ ಸೆಲ್ಲೋ?"

ನನ್ನ ಕೈ ತಾನಾಗಿ ದಪ್ಪದು ಎಂದು ತೋರಿಸಿತು. ಬೆರಳು ನಾಲ್ಕು ಎತ್ತಿತು. ಅವನು ಕಪಾಟಿನಿಂದ ತೆಗೆದು, ತಾರೀಖು ನೋಡಿ, ಕಾಗದ ಸುತ್ತಿ ಕೊಟ್ಟ.

"ಹೊಸದು. ಹಳೇದರ ಜೊತೆ ಸೇರಿಸಿ ಹಾಕಬೇಡ."

ಅವನಿಗೆ ಅರ್ಥವಾಗಲಿಲ್ಲವೋ, ಆಗಿಯೂ ಹೀಗೆ ಮಾಡಿದನೋ... ಗೊತ್ತಿಲ್ಲ. ಹಿಂದಿನ ಬಾಗಿಲಲ್ಲಿ ಒಬ್ಬಳು ಊಟದ ಡಬ್ಬಿ ಹಿಡಿದು ನಿಂತಿದ್ದಳು. ಲ್ಯಾಪ್‌ಟಾಪಿನವಳು. "ನನ್ನ ಮಗಳು ಕಣೋ! ನೀನು ಎತ್ತಿ ಆಡಿಸಿದ್ದೆ, ನೆನಪಿಲ್ವಾ?" ಎಂದ.

ಸೆಲ್ ತೆಗೆದುಕೊಂಡು ಮನೆಗೆ ಬಂದೆ.

ಮಾರ್ಚ್ 16, ಶನಿವಾರ. ಬೆಳಗ್ಗೆ 10

ಅವಳ ಫೋನು.

"ಅಂಕಲ್, ಅಪ್ಪನ ಹತ್ರ ಏನು ಹೇಳೋಕೆ ಬಂದಿದ್ರಿ?"

"ಹಾಗೇ ಬಂದೆನಮ್ಮ. ತುಂಬಾ ದಿನ ಆಗಿತ್ತು."

"ಇಪ್ಪತ್ತು ವರ್ಷ ಆಗಿತ್ತು. ಹಮ್ ಅಳೆದದ್ದು ನಾನೇ, ಅಪ್ಪನಿಗೆ ಹೇಳಿಲ್ಲ. ಬಳಗದ ವಾಟ್ಸಾಪ್ ಗ್ರೂಪಿನಲ್ಲೂ ಹಾಕಲ್ಲ. ನೀವೇ ಹಾಕಿ."

"ನೋಡೋಣ."

"ಅಪ್ಪ ಈಗ ಕೇಳಿಸಿಕೊಳ್ಳಲ್ಲ ಅಷ್ಟೇ ಅಂಕಲ್. ಓದ್ತಾರೆ. ದಿನಾ ನಿಮ್ಮ ಪೇಪರ್ ಬಂದ ತಕ್ಷಣ ಮೊದಲು ಆ ತಿದ್ದುಪಡಿ ಮೂಲೆ ನೋಡ್ತಾರೆ. ಯಾಕೆ ಅಂತ ನಾನು ಚಿಕ್ಕವಳಿದ್ದಾಗ ಕೇಳಿದ್ದೆ. 'ಯಾವತ್ತಾದರೂ ಬರಬಹುದು' ಅಂದಿದ್ರು."

ಇಟ್ಟಳು. ಇಪ್ಪತ್ತು ವರ್ಷ. ಖಜಾಂಚಿಗಳ ಭಾವಮೈದುನರನ್ನೆಲ್ಲ ಅವನು ಓದಿದ್ದಾನೆ.

ಮಾರ್ಚ್ 18, ಸೋಮವಾರ

ಬೆಳಗ್ಗೆ ಗ್ರೂಪಿನಲ್ಲಿ ಹಾಕಿದೆ. ಕಂಪನಿಗೂ ಅದನ್ನೇ ಕಳಿಸಿದೆ. ನಾಲ್ಕು ಸಲ ತಿದ್ದಿದ ಮೇಲೆ ಉಳಿದದ್ದು ಇಷ್ಟು:

"ಟೌನ್ ಹಾಲಿನ ರೆಕಾರ್ಡಿಂಗಿನಲ್ಲಿ ತಾಂತ್ರಿಕ ಕಾರಣದಿಂದ ವೇಗದ ವ್ಯತ್ಯಾಸ ಆಗಿರುವುದು ಈಚೆಗೆ ಗಮನಕ್ಕೆ ಬಂದಿದೆ. ಓಟದ ಬಗೆಗಿನ ನನ್ನ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳುತ್ತೇನೆ."

ಮೊದಲ ಸಲ ಬರೆದಾಗ ಟಾರ್ಚು ಇತ್ತು. ಎರಡನೇ ಸಲ ರಿಪೇರಿಯ ಹೆಸರು ಇತ್ತು. ಮೂರನೇ ಸಲಕ್ಕೆ 'ನಾನು' ಇತ್ತು. ಸಂಪಾದನೆಯಲ್ಲಿ ಹೋದವು. ಒಳ್ಳೆಯ ಕೆಲಸಗಾರ ನಾನು.

ಹತ್ತು ನಿಮಿಷದಲ್ಲಿ ಶುರು. "ಎಂಥ ಪ್ರಾಮಾಣಿಕತೆ ಸಾರ್!" "ತಪ್ಪು ಒಪ್ಪಿಕೊಳ್ಳೋಕೂ ಗುಂಡಿಗೆ ಬೇಕು." ಡಾಕ್ಟರು: "ಇದಕ್ಕೇ ನಿಮ್ಮನ್ನ ಪ್ರೂಫ್ ಸಾರ್ ಅನ್ನೋದು. ಭಾನುವಾರ ಸನ್ಮಾನ!" ಕೈಮುಗಿದ ಗೊಂಬೆಗಳು, ಹೂವು.

11.40ಕ್ಕೆ ಬೂದು ಅಕ್ಷರದಲ್ಲಿ ಒಂದು ಸಾಲು. ಒಬ್ಬರು ಗುಂಪು ಬಿಟ್ಟು ಹೋಗಿದ್ದಾರೆ. ನಂಬರು ರಿಪೇರಿಯ ಮಗಳದು.

ಯಾರೂ ಗಮನಿಸಲಿಲ್ಲ. ಹೂವುಗಳ ಕೆಳಗೆ ಹೋಯಿತು.

ಮಾರ್ಚ್ 20, ಬುಧವಾರ. ಬೆಳಗ್ಗೆ

ಕಂಪನಿಯ ಉತ್ತರ. ವೇಗ ಸರಿಪಡಿಸಿ ಹಾಕುತ್ತಾರಂತೆ. ನನ್ನ ನಿಷ್ಠುರ ಸತ್ಯಪರತೆಯ ಬಗ್ಗೆ ಮುನ್ನುಡಿಯಲ್ಲಿ ಎರಡು ಸಾಲು ಸೇರಿಸುತ್ತಾರಂತೆ. ರೆಕಾರ್ಡ್ ಮಾಡಿದವರು: ನನ್ನ ಹೆಸರು. ಮೈಕಿನ ಬಗ್ಗೆ ಅವರು ಕೇಳಿಲ್ಲ. ನಾನು ಹೇಳಿಲ್ಲ.

ಹೆಂಡತಿ ಪತ್ರ ಓದಿದಳು. ಮೇಜಿನ ಮೇಲಿದ್ದ ಸೆಲ್‌ಗಳನ್ನು ನೋಡಿದಳು. "ಒಂದು ವಾರದಿಂದ ಇಲ್ಲೇ ಬಿದ್ದಿವೆ. ಯಾವುದಕ್ಕೆ ಹಾಕೋಕೆ ತಂದಿದ್ದು?"

"ತಡವಾಯಿತು" ಎಂದೆ.

"ಎಲ್ಲಿಗೆ?"

ಮಾರ್ಚ್ 21, ಗುರುವಾರ. ಮಧ್ಯಾಹ್ನ 3, ಆಫೀಸು

ನಾಳೆಯ ತಿದ್ದುಪಡಿ ಮೂಲೆ ಖಾಲಿ. ಇವತ್ತು ಯಾರೂ ತಪ್ಪು ಮಾಡಿಲ್ಲ. ಆರು ಸಾಲಿನ ಜಾಗ. ಪುಟ ನಾಲ್ಕೂವರೆಗೆ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಏನೂ ಕೊಡದಿದ್ದರೆ ಪುಟ ಕಟ್ಟುವವರು ಬಟ್ಟೆ ಸೋಪಿನ ಜಾಹೀರಾತು ಹಾಕುತ್ತಾರೆ.

ಮೊದಲು ಇಲ್ಲಿ ಬರೆದು ನೋಡುತ್ತೇನೆ.

ತಿದ್ದುಪಡಿ: 'ಸೆಲ್ ಬದಲಿಸಿದ್ದೇನೆ' ಎಂಬುದನ್ನು 'ಬದಲಿಸಿರಲಿಲ್ಲ, ನನಗೆ ಗೊತ್ತಿತ್ತು' ಎಂದು ಓದಿಕೊಳ್ಳಬೇಕು. 'ಕಣ್ತಪ್ಪಿನಿಂದ' ಎಂಬುದನ್ನು ಎಲ್ಲ ಕಡೆ ತೆಗೆದುಹಾಕಿ ಓದಿಕೊಳ್ಳಬೇಕು. 'ರಿಪೇರಿಯವನ ಕಿವಿಗೇ ರಿಪೇರಿ ಬೇಕು' ಎಂಬುದನ್ನು