ವಾರಸುದಾರರಿಲ್ಲದ ಒಂದು ಸೂಜಿ

ದಿಬ್ಬದೂರು,
ಮರುಬೇಸಿಗೆ ತಿಂಗಳ ಮೂವತ್ನಾಲ್ಕನೆಯ ದಿನ,
ಇಸವಿ ೨೨೬೧.

ಹೆಸರು ತಿಳಿಯದ ಹಿರಿಯರಿಗೆ,

ಚಂಪವ್ವ ಸೂಡಿ ಮಾಡುವ ನಮಸ್ಕಾರಗಳು. ಮೇಲಿನ ತಾರೀಖು ಕಂಡು ಕಣ್ಣುಜ್ಜಿಕೊಳ್ಳಬೇಡಿ, ನೀವು ಸರಿಯಾಗಿಯೇ ಓದಿದ್ದೀರಿ. ನಿಮ್ಮ ಕಾಲದಲ್ಲಿ ಬೇಸಿಗೆ ವರ್ಷಕ್ಕೊಮ್ಮೆ ಬಂದು ಹೋಗುತ್ತಿತ್ತಂತೆ. ನಮ್ಮಲ್ಲಿ ಮಳೆ ಮುಗಿದ ಮೇಲೆ ಅದು ಇನ್ನೊಮ್ಮೆ ಬರುತ್ತದೆ, ಅದಕ್ಕೆಂದೇ ನಲವತ್ತು ದಿನಗಳ ಒಂದು ತಿಂಗಳನ್ನು ಬಿಟ್ಟುಕೊಟ್ಟಿದ್ದೇವೆ. ಈ ಪತ್ರದಲ್ಲಿ ನಿಮಗೆ ಪರಿಚಯವಿಲ್ಲದ ಮಾತುಗಳು ಬಂದರೆ ಕ್ಷಮಿಸಬೇಕು. ಹಿಂದಿನ ಕಾಲದವರಿಗೆ ಕಳಿಸುವ ನೋಟಿಸಿನಲ್ಲಿ ಗೌರವದ ಭಾಷೆ ಇರಬೇಕು, ನಮ್ಮ ದಿನಚರಿಯ ವಿವರ ಇರಬೇಕು, ಬೈಗುಳ ಇರಕೂಡದು ಎಂದು ಇಲ್ಲಿಯ ನಿಯಮ. ಮೊದಲೆರಡನ್ನು ಪಾಲಿಸುತ್ತೇನೆ. ಮೂರನೆಯದಕ್ಕೆ ಪ್ರಯತ್ನ ಮಾಡುತ್ತೇನೆ.

ವಿಷಯ ಇಷ್ಟು. ನೀವು ಎಸೆದ ಒಂದು ಸೂಜಿ ನನ್ನ ಡಬ್ಬಿಯಲ್ಲಿದೆ. ಅದರಿಂದಾಗಿ ನಾನು ಊರು ಬಿಟ್ಟು ಹೊರಡುವ ಹಾಗಿಲ್ಲ. ಮೂರು ದಿನದ ದಾರಿಯಾಚೆ, ಕಡಲಿನ ಕಡೆಯ ಹೊನ್ನೆಕೇರಿಯಲ್ಲಿರುವ ನನ್ನ ಮಗಳು ಇಂದುಮತಿಗೆ ಹೆರಿಗೆಗೆ ಇನ್ನು ಇಪ್ಪತ್ತು ದಿನ ಮಾತ್ರ ಉಳಿದಿದೆ.

ನನಗೆ ಹನ್ನೊಂದನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ, ಈಗ ಐವತ್ತೆಂಟು. ಇಷ್ಟು ಕಾಲ ಕಳೆದರೂ ಇನ್ನೂ ಸೂಜಿಯೇ ಎಂದು ನೀವು ನಗಬಹುದು. ಈ ಕಾಯಿಲೆಗೆ ಪೂರ್ತಿ ಮದ್ದು ಸಿಕ್ಕಿತೆಂದು ನನಗೆ ತಿಳಿದ ಹಾಗೆ ಮೂರು ಸಲ ಊರೂರಲ್ಲಿ ಸಿಹಿ ಹಂಚಿದ್ದಾರೆ. ಮೂರು ಸಲವೂ ಮರುದಿನ ಬೆಳಿಗ್ಗೆ ನಾವು ಸೂಜಿ ಚುಚ್ಚಿಕೊಂಡೇ ತಿಂಡಿ ತಿಂದೆವು. ದಿನಕ್ಕೆ ನಾಲ್ಕು ಸೂಜಿ. ಬಳಸಿದ್ದು ಹೋಗಿ ಸೇರುವ ಡಬ್ಬಿಗೆ ನಾವು ಸೂಜಿಮನೆ ಎನ್ನುತ್ತೇವೆ. ಒಳಗಿನ ಮೊನೆ ಹೊರಗೆ ಬರದಷ್ಟು ಗಟ್ಟಿಯಾದ ಹಳದಿ ಡಬ್ಬಿ ಅದು. ಅದರ ಬಾಯಿ ಒಮ್ಮುಖ, ಒಳಗೆ ಬಿದ್ದದ್ದನ್ನು ದೇವರೇ ಬಂದರೂ ಹೊರಗೆ ತೆಗೆಯಲಾಗದು. ಮುಕ್ಕಾಲು ಎತ್ತರದಲ್ಲಿ ಒಂದು ಕೆಂಪು ಗೆರೆ ಇರುತ್ತದೆ. ಸೂಜಿ ಗೆರೆ ಮುಟ್ಟಿದ ದಿನ ಮುಚ್ಚಳ ಒತ್ತಿ, ಊರಿನ ಸೂಜಿ ಕಚೇರಿಗೆ ಒಯ್ದು ಕೊಟ್ಟು, ಖಾಲಿಯದನ್ನು ತರಬೇಕು. ತುಂಬಿದ್ದು ಕೊಡದೆ ಖಾಲಿಯದು ಸಿಗುವುದಿಲ್ಲ. ಮಕ್ಕಳಿಗೆ ಈ ಕಾಯಿಲೆ ಬಂದರೆ ಮೊದಲ ಸೂಜಿಮನೆಯನ್ನು ಸೋದರಮಾವ ತಂದುಕೊಡುವುದು ವಾಡಿಕೆ. ನನ್ನ ಮಾವ ಅದರ ಜೊತೆಗೆ ಒಂದು ಜೊತೆ ಹಸಿರು ಬಳೆಯನ್ನೂ ತಂದಿದ್ದ. ಡಬ್ಬಿಯನ್ನು ಅಡುಗೆಮನೆಯ ಗೂಡಿನಲ್ಲಿಟ್ಟು, ಕುಂಕುಮ ಹಚ್ಚಿ, ಅವ್ವ ನನ್ನಿಂದ ಒಂದು ಮಾತು ಹೇಳಿಸಿದಳು: ಬೂದಿಯಾಗುವ ತನಕ ಸೂಜಿ ಚುಚ್ಚಿಕೊಂಡವರದು.

ಇಷ್ಟೆಲ್ಲ ಕಟ್ಟುಪಾಡು ಯಾಕೆಂದರೆ, ನಾವು ಬದುಕಿರುವುದೇ ನಿಮ್ಮ ಕಸದ ಮೇಲೆ. ತಮಾಷೆಗೆ ಹೇಳುತ್ತಿಲ್ಲ. ತಗ್ಗಿನ ಊರುಗಳಿಗೆ ನೀರು ನುಗ್ಗಿದ ಮೇಲೆ ಜನ ಎತ್ತರ ಹುಡುಕಿಕೊಂಡು ಬಂದರು, ನಮ್ಮ ಸೀಮೆಯಲ್ಲಿ ಎತ್ತರವೆಂದು ಇದ್ದದ್ದು ನೀವು ಸುರಿದು ಬಿಟ್ಟುಹೋದ ಈ ದಿಬ್ಬ ಒಂದೇ. ಅದರ ಮೇಲೆ ಮಣ್ಣು ಹರಡಿ ಮನೆ ಕಟ್ಟಿದೆವು, ಮಡಿ ಮಾಡಿ ಗೆಣಸು, ಅರಿಸಿನ ಬೆಳೆದೆವು. ಅಗೆದಾಗ ನಿಮ್ಮ ಬಾಚಣಿಗೆ, ಪೆನ್ನಿನ ಟೋಪಿ, ಗೊಂಬೆಯ ಕೈ ಸಿಗುತ್ತವೆ. ಸೂಜಿಯೂ ಸಿಗುತ್ತಿತ್ತು. ನನ್ನ ಮುತ್ತಜ್ಜಿಯ ಕಾಲದಲ್ಲಿ ಸೂಜಿಜ್ವರ ಎಂಬುದು ಬಂದು ಊರಿಗೆ ಊರೇ ಮಲಗಿತ್ತಂತೆ. ಅಂದಿನಿಂದ ನಮ್ಮ ಪ್ರತಿಯೊಂದು ಸೂಜಿಯ ಮೇಲೂ ಅದರ ಒಡೆಯರ ಗುರುತು ಕೆತ್ತಿರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ.

ಕಳೆದ ತಿಂಗಳು ನಾನು ಹೊರಡಲು ಗಂಟು ಕಟ್ಟಿಟ್ಟಿದ್ದೆ. ಬಾಣಂತಿಗೆ ಅಂಟಿನುಂಡೆ, ಹಳೆಯ ಹತ್ತಿ ಸೀರೆಗಳು, ಕೂಸಿಗೆ ಕುಲಾವಿ. ಕೊನೆಯ ಸಲ ಅರಿಸಿನದ ಮಡಿ ನೋಡಿ ಬರೋಣವೆಂದು ಹೋದಾಗ ಸಲಿಕೆಗೆ ಒಂದು ಮುದುಡಿದ ನೀರಿನ ಬಾಟಲಿ ಸಿಕ್ಕಿತು. ಅದು ಮುಟ್ಟಿದರೆ ಪುಡಿಯಾಗುವಂತಿತ್ತು, ಅದರ ಬದಿಯನ್ನು ಚುಚ್ಚಿಕೊಂಡು ಒಂದು ಸೂಜಿ ಹೊರಗೆ ಬಂದಿತ್ತು. ಪಕ್ಕದ ಮಡಿಯಲ್ಲಿ ನೆರೆಮನೆಯ ಹುಸೇನಬಿ ಬರಿಗಾಲಿನಲ್ಲಿ ಕಳೆ ಕೀಳುತ್ತಿದ್ದಳು, ಅವಳಿಗೆ ಕಣ್ಣೂ ಮಂಜು. ಸೂಜಿ ಸಿಕ್ಕಲ್ಲಿ ಕೆಂಪು ಬಾವುಟ ನೆಟ್ಟು, ಕಚೇರಿಯವರು ಬರುವ ತನಕ ಅರ್ಧ ದಿನ ಕಾವಲಿರಬೇಕು ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ನಲವತ್ತೇಳು ವರ್ಷದಿಂದ ಸೂಜಿ ಕಂಡೊಡನೆ ಈ ಕೈ ಒಂದೇ ಕೆಲಸ ಕಲಿತಿದೆ. ಇಕ್ಕಳದಿಂದ ಹಿಡಿದೆ, ಸೊಂಟದ ಚೀಲದಲ್ಲಿದ್ದ ನನ್ನ ಸೂಜಿಮನೆಗೆ ಹಾಕಿದೆ. ಟಿಕ್ ಎಂದು ಸದ್ದಾಯಿತು. ಒಳ್ಳೆಯ ಕೆಲಸ ಮಾಡಿದೆನೆಂದು ಬೀಗುತ್ತಾ ಮನೆಗೆ ಬಂದೆ.

ಡಬ್ಬಿ ಗೆರೆ ಮುಟ್ಟಿತ್ತು, ಮರುದಿನ ದಾರಿಗೆ ಖಾಲಿಯದು ತರಲು ಹೋದಾಗ ಕಚೇರಿಯ ಗುಮಾಸ್ತ ಫಕೀರಪ್ಪ ಅಸುಂಡಿ ಅದನ್ನು ಓದುಕಲ್ಲಿನ ಮೇಲಿಟ್ಟ. ಒಳಗಿನ ಗುರುತುಗಳನ್ನು ಮುಚ್ಚಳ ತೆಗೆಯದೆಯೇ ಓದುವ ಕರಿಯ ಹಲಗೆ ಅದು. ಅವನ ಮುಖ ಸಣ್ಣಗಾಯಿತು.

"ಚಂಪಕ್ಕಾ, ಇದರಾಗ ಒಂದು ಸೂಜಿ ನಿಮ್ದಲ್ರಿ."

ಮಡಿಯಲ್ಲಿ ಸಿಕ್ಕದ್ದು, ಹುಸೇನಬಿಯ ಕಾಲಿಗೆ ಚುಚ್ಚೀತೆಂದು ಹಾಕಿದೆ ಎಂದೆ.

"ಬಾವುಟ ನೆಟ್ಟಿದ್ರ ಅದು ಸರಕಾರದ ಸೂಜಿ ಆಗ್ತಿತ್ತು. ಈಗ ಡಬ್ಯಾಗ ಬಿದ್ದೈತಿ. ನಿಮ್ಮದೂ ಆತು, ಚುಚ್ಚಿಕೊಂಡವರದೂ ಆತು. ಅವರ ಒಪ್ಪಿಗಿ ಇಲ್ದ ಸುಡಾಕ ಬರಂಗಿಲ್ರಿ."

"ಏ ಫಕೀರಪ್ಪಾ, ಚುಚ್ಚಿಕೊಂಡವರು ಸತ್ತು ಇನ್ನೂರು ವರ್ಷ ಆತಲ್ಲೋ!"

"ಹಂಗಂತ ಅವರಿಂದನ ಒಂದು ಮಾತು ಬರಸ್ಕೊಂಡು ಬರ್ರಿ."

ಅವನು ನಗಲಿಲ್ಲ, ನನಗೂ ನಗು ಬರಲಿಲ್ಲ. ನಿಯಮ ಪುಸ್ತಕ ತೆಗೆದು ತೋರಿಸಿದ. ಒಡೆಯರು ಗೊತ್ತಿಲ್ಲದಿದ್ದರೆ ಅವರ ಕಾಲಕ್ಕೆ ನೋಟಿಸು ಕಳಿಸಿ ನಲವತ್ತು ದಿನ ಕಾಯಬೇಕು. ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಹಿಡಿದು ಡಬ್ಬಿ ಸುಡುತ್ತಾರೆ. ಅಲ್ಲಿಯ ತನಕ ನನಗೆ ಖಾಲಿ ಡಬ್ಬಿ ಇಲ್ಲ. ಖಾಲಿ ಡಬ್ಬಿ ಇಲ್ಲದೆ ಸೂಜಿ ಹಿಡಿದವರನ್ನು ಗಡಿಬಾಗಿಲು ದಾಟಲು ಬಿಡುವುದಿಲ್ಲ, ಸೂಜಿ ಬಿಟ್ಟು ಹೊರಟರೆ ಮೂರು ದಿನದ ದಾರಿಯಲ್ಲಿ ನಾನೇ ಉಳಿಯುವುದಿಲ್ಲ. ಆ ಸೂಜಿ ನನ್ನದೇ ಎಂದು ಬರೆದುಕೊಟ್ಟು ಬಿಡಲೇ ಎಂದೂ ಕೇಳಿದೆ. ಗುರುತಿಲ್ಲದ ಸೂಜಿ ಬಳಸಿದವರಿಗೆ ಐದು ವರ್ಷ ಡಬ್ಬಿಯೇ ಇಲ್ಲವಂತೆ. ಎತ್ತ ತಿರುಗಿದರೂ ಗೋಡೆ. ತಿಂಗಳೆಲ್ಲ ಮೇಲಿನ ಕಚೇರಿಗೆ ಅರ್ಜಿ ಬರೆದೆ, ಪಂಚರ ಕಾಲು ಹಿಡಿದೆ, ಹುಸೇನಬಿಯನ್ನು ಕರೆದೊಯ್ದು ಸಾಕ್ಷಿ ಹೇಳಿಸಿದೆ. ಎಲ್ಲರೂ ನನ್ನನ್ನು ಹೊಗಳಿದರು, ಯಾರೂ ಡಬ್ಬಿ ಕೊಡಲಿಲ್ಲ. ಕಡೆಗೆ ಇಂದು ಈ ನೋಟಿಸಿಗೆ ಕೂತಿದ್ದೇನೆ. ಅಂದೇ ಬರೆದು ಹಾಕಿದ್ದರೆ ನಲವತ್ತು ದಿನ ಮುಗಿಯುತ್ತಾ ಬಂದಿರುತ್ತಿತ್ತು, ನನ್ನ ಹಟ ಕೇಳಲಿಲ್ಲ. ಆ ತಪ್ಪನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಈಗ ನನ್ನ ದಿನಚರಿ ಕೇಳಿ. ಡಬ್ಬಿ ಇಲ್ಲದವರು ಕಚೇರಿಯ ಕಿಟಕಿಗೆ ಹೋಗಿ, ಫಕೀರಪ್ಪನ ಎದುರಿಗೇ ಚುಚ್ಚಿಕೊಂಡು, ಸೂಜಿ ಅವನ ಕೈಗೆ ಒಪ್ಪಿಸಿ ಬರಬೇಕು. ತಿಂಡಿಗೆ ಮೊದಲು, ಊಟಕ್ಕೆ ಮೊದಲು, ಸಂಜೆ, ಮಲಗುವ ಮುಂಚೆ. ಮನೆಯಿಂದ ಕಿಟಕಿ, ಕಿಟಕಿಯಿಂದ ಮನೆ. ಮಡಿಗೆ ಹೋದರೆ ಹೊತ್ತಾಯಿತೇನೋ ಎಂಬ ಗಾಬರಿ, ನೆಂಟರ ಮನೆಯಲ್ಲಿ ಕೂತರೆ ಬಾಗಿಲ ಕಡೆಗೇ ಕಣ್ಣು. ಗೂಟಕ್ಕೆ ಕಟ್ಟಿದ ಎಮ್ಮೆಯಂತೆ ಹಗ್ಗದ ಅಳತೆಯಲ್ಲಿ ಸುತ್ತುತ್ತಿದ್ದೇನೆ. ಫಕೀರಪ್ಪ ಕೆಟ್ಟವನಲ್ಲ. ಕಿಟಕಿಯ ಹೊರಗೆ ನನಗೆಂದು ಒಂದು ಸ್ಟೂಲು ತಂದಿಟ್ಟಿದ್ದಾನೆ, ನಾನು ಸೆರಗು ಸರಿಸುವಾಗ ಬೇರೆ ಕಡೆ ನೋಡುತ್ತಾನೆ. ಕೆಟ್ಟವನಾಗಿದ್ದರೆ ಜಗಳವಾಡಿಯಾದರೂ ಎದೆ ಹಗುರ ಮಾಡಿಕೊಳ್ಳುತ್ತಿದ್ದೆ.

ಇಂದುಮತಿಗೆ ಇದು ಎರಡನೆಯ ಬಸಿರು. ಮೊದಲನೆಯ ಸಲ ನಾನು ಒಂದು ದಿನ ತಡವಾಗಿ ತಲುಪಿದೆ. ಕೂಸು ಉಳಿದಿರಲಿಲ್ಲ. ನಾನಿದ್ದರೆ ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ, ಯಾರೂ ಹೇಳಲಿಲ್ಲ. ಆದರೆ ಆ ಒಂದು ದಿನ ನನ್ನ ಮಗಳು ಗೋಡೆಗೆ ಮುಖ ಮಾಡಿ ಒಬ್ಬಳೇ ಮಲಗಿದ್ದಳು. ನಿನ್ನೆ ಫೋನಿನಲ್ಲಿ, ಈ ಶಬ್ದ ಮಾತ್ರ ನಿಮ್ಮದೇ ಉಳಿದಿದೆ, ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. "ಅವ್ವಾ, ಈ ಸಲಾನೂ ನೀ ಆಮ್ಯಾಲೆ ಬರ್ತೀಯೇನು?" ಎಂದಳು. ನಾನು ಮಾತು ತಿರುಗಿಸಿ, ಅಂಟಿನುಂಡೆಗೆ ಕೊಬ್ಬರಿ ಹೆಚ್ಚು ಹಾಕಿದ್ದೇನೆ ಎಂದೆ.

ನಿಮ್ಮ ಮೇಲೆ ನನಗೆ ವಿಪರೀತ ಸಿಟ್ಟಿತ್ತು. ಒಂದು ಸೂಜಿ ಇಡುವುದಕ್ಕೆ ಮನೆಯಲ್ಲಿ ಒಂದು ಗಟ್ಟಿ ಡಬ್ಬಿ ಇರಲಿಲ್ಲವೇ ಎಂದು ಕಿಟಕಿಯ ದಾರಿಯುದ್ದಕ್ಕೂ ನಿಮ್ಮನ್ನು ಮನಸಾರೆ ಬೈದಿದ್ದೇನೆ, ಅದನ್ನಿಲ್ಲಿ ಬರೆಯುವಂತಿಲ್ಲ. ಈಚೆಗೆ ಕಿಟಕಿಯ ಸ್ಟೂಲಿನ ಮೇಲೆ ಕೂತು ನಿಮ್ಮ ಬಗ್ಗೆ ಯೋಚಿಸುವುದೇ ಒಂದು ಕೆಲಸವಾಗಿದೆ. ಬರಿಯ ಸೂಜಿಯನ್ನು ನೀವು ಕಸಕ್ಕೆ ಹಾಕಲಿಲ್ಲ, ಬಾಟಲಿಯಲ್ಲಿಟ್ಟು ಮುಚ್ಚಳ ತಿರುಗಿಸಿದ್ದಿರಿ. ಯಾರಿಗೂ ಚುಚ್ಚಬಾರದು ಎಂಬ ಯೋಚನೆ ನಿಮಗಿತ್ತು. ಡಬ್ಬಿ ಕೇಳಿದರೆ ಔಷಧಿ ಅಂಗಡಿಯವನು ಅಂಥದ್ದೆಲ್ಲ ನಮ್ಮಲ್ಲಿ ಬರುವುದಿಲ್ಲ ಎಂದಿರಬೇಕು. ಆಸ್ಪತ್ರೆಯಲ್ಲಿ ಮನೆಯ ಸೂಜಿ ನಾವು ತೆಗೆದುಕೊಳ್ಳುವುದಿಲ್ಲ ಎಂದಿರಬೇಕು, ಕಸದ ಗಾಡಿಯವಳು ಇದನ್ನು ನನ್ನ ಕೈಗೆ ಕೊಡಬೇಡಿ ಎಂದಿರಬೇಕು. ಅವಳ ಮಾತೂ ನ್ಯಾಯವೇ. ಒಲೆಗೆ ಹಾಕುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕಡೆಗೆ ಒಂದು ದಿನ ಅತ್ತಿತ್ತ ನೋಡಿ, ಹಾಳೆಯಲ್ಲಿ ಸುತ್ತಿ, ಕಸದೊಳಗೆ ತೂರಿಸಿಬಿಟ್ಟಿರಿ. ನಿಮಗೆ ಡಬ್ಬಿ ಕೊಡುವವರಿರಲಿಲ್ಲ, ನನ್ನ ಡಬ್ಬಿ ತೆಗೆದುಕೊಳ್ಳುವವರಿಲ್ಲ. ಇದು ಹೊಳೆದ ಮೇಲೆ ಬೈಯಲು ಬಾಯಿ ಬರುತ್ತಿಲ್ಲ.

ಈ ಪತ್ರವನ್ನು ಹಿಂದಂಚೆಗೆ ಹಾಕುತ್ತೇನೆ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ತಲುಪುತ್ತದೋ ಇಲ್ಲವೋ ಯಾರೂ ಹೇಳಲಾರರು, ರಶೀದಿ ಮಾತ್ರ ತಪ್ಪದೆ ಕೊಡುತ್ತಾರೆ. ಯಾವ ದಿನಕ್ಕೆ ತಲುಪಬೇಕು ಎಂದು ನಾವೇ ಬರೆಯಬಹುದು. ಎಲ್ಲರೂ ಸೂಜಿ ಎಸೆದ ಮರುದಿನ ಎಂದು ಬರೆಯುತ್ತಾರಂತೆ, ಒಪ್ಪಿಗೆ ಕೇಳಬೇಕಲ್ಲ. ನಾನು ಹಿಂದಿನ ದಿನ ಎಂದು ಬರೆದಿದ್ದೇನೆ. ಫಕೀರಪ್ಪ ಅದನ್ನು ಎರಡು ಸಲ ಓದಿ, ಲಕೋಟೆಗೆ ಮುದ್ರೆ ಒತ್ತಿಕೊಟ್ಟ.

ಆದ್ದರಿಂದ ನನಗೆ ನಿಮ್ಮ ಒಪ್ಪಿಗೆ ಬೇಡ. ನೀವು ಇದನ್ನು ಓದುವ ಹೊತ್ತಿಗೆ ಸೂಜಿ ಇನ್ನೂ ನಿಮ್ಮ ಮನೆಯಲ್ಲೇ ಇದೆ. ಆ ತೆಳು ಬಾಟಲಿ ಬೇಡ, ಅದು ನಿಲ್ಲುವುದಿಲ್ಲ. ನೆಲ ಒರೆಸುವ ಫಿನಾಯಿಲಿನ ದಪ್ಪ ಡಬ್ಬಿ ಖಾಲಿಯಾಗಿದ್ದರೆ ಸಾಕು. ಸೂಜಿಯನ್ನು ಬಗ್ಗಿಸಬೇಡಿ, ಮುರಿಯಬೇಡಿ, ಹಾಗೆಯೇ ಬಿಡಿ. ಡಬ್ಬಿಯ ಮೇಲೆ ಬಳಸಿದ ಸೂಜಿ ಎಂದು ದೊಡ್ಡದಾಗಿ ಬರೆಯಿರಿ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿಮಾಡಿ ಅಂಟುಪಟ್ಟಿ ಸುತ್ತಿ, ನಿಮಗೆ ಮದ್ದು ಬರೆದುಕೊಡುವ ಆಸ್ಪತ್ರೆಗೇ ಒಯ್ಯಿರಿ. ಒಲ್ಲೆ ಎಂದರೆ ಎಲ್ಲಿ ಕೊಡಲಿ ಎಂದು ಕೇಳಿ. ಮತ್ತೆ ಒಲ್ಲೆ ಎಂದರೆ ಅಲ್ಲೇ ಕೂತುಬಿಡಿ. ನಾಲ್ಕು ಜನ ಕೂತರೆ ಅವರಿಗೂ ಒಂದು ಡಬ್ಬಿ ಇಡದೆ ಗತಿಯಿರುವುದಿಲ್ಲ. ಅವಮಾನವೆನಿಸಿದರೆ, ಕಿಟಕಿಯ ಮುಂದೆ ಸೆರಗು ಸರಿಸಿ ಕೂರುವ ನನ್ನನ್ನು ನೆನೆಯಿರಿ.

ನೀವು ಹಾಗೆ ಮಾಡಿದಿರೆಂದು ನನಗೆ ಯಾರೂ ಬಂದು ತಿಳಿಸುವುದಿಲ್ಲ. ಮಡಿಯಲ್ಲಿ ಸೂಜಿಯೇ ಸಿಗದ ಮೇಲೆ ಈ ಪತ್ರ ಬರೆದ ನೆನಪೂ ನನಗೆ ಉಳಿಯುವುದಿಲ್ಲ. ಆ ಹೊತ್ತಿಗೆ ನಾನು ಹೊನ್ನೆಕೇರಿಯಲ್ಲಿ, ನೋವು ತಿನ್ನುತ್ತಿರುವ ಮಗಳ ಬೆನ್ನು ನೀವುತ್ತಾ, ಇನ್ನೇನು ಆಯಿತು ತಾಯಿ, ನಾನಿಲ್ಲೇ ಇದ್ದೇನೆ ಎನ್ನುತ್ತಿರುತ್ತೇನೆ.

ನಿಮ್ಮ ಕೈಯಲ್ಲಿರುವ,
ಚಂಪವ್ವ ಸೂಡಿ