ಮನೆಗೆ ಕಳಿಸಿದ ಮೇಲಿನ ದಿನಗಳನ್ನೂ ಬರೆದುಕೊಳ್ಳಿ

ಬಸುರಿಯರ ರಕ್ತದೊತ್ತಡದ ಸಂಶೋಧನೆಗಳನ್ನು ಪರಿಶೀಲಿಸಿ ಮುದ್ರೆ ಒತ್ತುವ ಮೇಲಧಿಕಾರಿಗಳೇ,

ತಮ್ಮ ದಾಖಲೆಯಲ್ಲಿ ನಾನು ‘ಗುಣಮುಖಳಾಗಿ ಮನೆಗೆ ತೆರಳಿದ’ ತಾಯಿ. ನನ್ನ ಪಕ್ಕದ ಮಂಚದಲ್ಲಿದ್ದ ಮರಿಯಮ್ಮನ ಮಗು ‘ಜೀವಂತ ಜನನ’. ಎರಡೂ ಸುಳ್ಳಲ್ಲ. ನಾನು ಮನೆಗೆ ತೆರಳಿದ್ದು ನಿಜ, ಆ ಮಗು ಉಸಿರಾಡುತ್ತಲೇ ಹುಟ್ಟಿದ್ದೂ ನಿಜ. ಅದರ ಮಾರನೆಯ ವಾರ ನಮಗೆ ಏನಾಯಿತೆಂದು ತಾವು ಕೇಳಲಿಲ್ಲ, ಅಷ್ಟೇ. ಕಳೆದ ತಿಂಗಳು ಪತ್ರಿಕೆಯಲ್ಲಿ ತಮ್ಮ ಹೇಳಿಕೆ ಓದಿದೆ. ಬೆಂಗಳೂರಿನ ಎರಡು ಆಸ್ಪತ್ರೆಗಳಲ್ಲಿ ಹೊಸ ಮಾತ್ರೆಯ ಪ್ರಯೋಗ ನಡೆದಿದೆ, ಎರಡೂ ಕಡೆ ಫಲಿತಾಂಶ ‘ಸಮಾನವಾಗಿ ತೃಪ್ತಿಕರ’, ಇನ್ನು ಎಲ್ಲ ಹೆರಿಗೆ ಆಸ್ಪತ್ರೆಗಳಿಗೂ ಅದನ್ನು ಒದಗಿಸಲಾಗುವುದು ಎಂದಿದ್ದೀರಿ. ಆ ತೃಪ್ತಿ ಯಾರದ್ದು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಹೆಸರು ಅನುಸೂಯಮ್ಮ. ಪೀಣ್ಯದ ಪಕ್ಕದ ಚೊಕ್ಕಸಂದ್ರದವಳು. ಹತ್ತನೇ ತರಗತಿ ಮುಗಿಸಿ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಆರು ವರ್ಷ ಮೋಟಾರಿನ ಕಾಯಿಲ್ ಸುತ್ತಿದೆ. ಕೂದಲಿನಂಥ ತಾಮ್ರದ ತಂತಿ ಕಡಿಯದ ಹಾಗೆ ಸುತ್ತುವುದರಲ್ಲಿ ನನ್ನ ಬಲಗೈ ಪಳಗಿತ್ತು. ೧೯೮೪ರಲ್ಲಿ ಬಸುರಿಯಾದೆ. ಏಳನೇ ತಿಂಗಳಲ್ಲಿ ಕಾಲು ಊದಿಕೊಂಡವು, ಬಿ.ಪಿ. ಏರಿತು, ದೊಡ್ಡ ಆಸ್ಪತ್ರೆಗೆ ಸೇರಿಸಿಕೊಂಡರು. ಮರಿಯಮ್ಮನ ಪರಿಚಯವಾದದ್ದು ಅಲ್ಲೇ. ಅವಳು ನಮ್ಮ ಕಾರ್ಖಾನೆಯ ಹಿಂದಿನ ಫೌಂಡ್ರಿಯಲ್ಲಿ ಮರಳು ಹೊರುತ್ತಿದ್ದಳು. ಅವಳಿಗೂ ಇದೇ ಕಾಯಿಲೆ. ಡಾಕ್ಟರು ಬಂದು, ಹೊಸ ಮಾತ್ರೆಯೊಂದರ ಪರೀಕ್ಷೆ ನಡೆದಿದೆ, ಒಪ್ಪಿದರೆ ನಿಮಗೂ ಕೊಡುತ್ತೇವೆ ಎಂದರು. ಒಪ್ಪಿದೆವು. ದಿನಕ್ಕೆ ನಾಲ್ಕು ಸಲ ಬಿ.ಪಿ. ನೋಡಿ ಬರೆದುಕೊಳ್ಳುತ್ತಿದ್ದರು. ನಮ್ಮನ್ನು ಅಷ್ಟು ಕಾಳಜಿಯಿಂದ ಯಾರೂ ನೋಡಿಕೊಂಡಿರಲಿಲ್ಲ, ಆ ಋಣ ಮರೆಯುವುದಿಲ್ಲ.

ನನಗೆ ಹೆಣ್ಣು ಮಗು ಹುಟ್ಟಿತು. ಬಿ.ಪಿ. ಇಳಿದಿದೆ ಎಂದು ಐದನೇ ದಿನ ಮನೆಗೆ ಕಳಿಸಿದರು. ಏಳನೇ ದಿನ ಬೆಳಗ್ಗೆ ತಲೆ ಸಿಡಿಯುವಂಥ ನೋವು, ಕಣ್ಣ ಮುಂದೆ ಬೆಳ್ಳಗೆ ಮಿಂಚು. ನಮ್ಮ ಅತ್ತೆ ಅಶ್ವತ್ಥಮ್ಮ, “ಬಾಣಂತಿಗೆ ಸೀತ ಆಗೈತೆ ಕಣಮ್ಮ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಕೊ, ಓಯ್ತದೆ” ಎಂದು ತಾವೇ ಕಟ್ಟಿದರು. ಅವರನ್ನು ದೂರಲಾರೆ. ಹೆರಿಗೆ ಮುಗಿದ ಮೇಲೂ ಈ ಬಿ.ಪಿ. ಬಂದು ಹಿಡಿಯಬಹುದೆಂದು ನಮಗೆ ಹೇಳಿದವರು ಯಾರು? ಅರ್ಧ ಗಂಟೆಯೊಳಗೆ ಫಿಟ್ಸ್ ಬಂತಂತೆ. ನನ್ನ ಗಂಡ ಹನುಮಯ್ಯ ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಹತ್ತಿರದ ಬೇರೊಂದು ಆಸ್ಪತ್ರೆಗೆ ಒಯ್ದರು. ನಾಲ್ಕು ದಿನದ ಮೇಲೆ ಎಚ್ಚರವಾಯಿತು. ಮಗು ಎಲ್ಲಿ ಎಂದು ಕೇಳಿ ಕೈ ಚಾಚಲು ನೋಡಿದೆ. ಬಲಗೈ ಏಳಲಿಲ್ಲ. ಇವತ್ತಿಗೂ ಎದ್ದಿಲ್ಲ.

ಮಗಳಿಗೆ ಈಗ ಎರಡೂವರೆ ವರ್ಷ. ರಸ್ತೆ ದಾಟುವಾಗ ನನ್ನ ಬಲಗಡೆ ಇದ್ದರೆ, ಏನೂ ಹೇಳದೆ ಸುತ್ತಿಕೊಂಡು ಬಂದು ಎಡಗೈ ಹಿಡಿಯುತ್ತಾಳೆ. ಎತ್ತಿಕೋ ಎಂದು ಅಜ್ಜಿಯನ್ನು ಕೇಳುತ್ತಾಳೆ, ಅಪ್ಪನನ್ನು ಕೇಳುತ್ತಾಳೆ, ನನ್ನನ್ನು ಕೇಳುವುದಿಲ್ಲ. ಯಾರೂ ಅವಳಿಗೆ ಕಲಿಸಿಕೊಟ್ಟದ್ದಲ್ಲ. ಅಷ್ಟು ಚಿಕ್ಕ ಕೂಸು ತಾಯಿಯನ್ನು ನೋಯಿಸಬಾರದೆಂದು ತಾನೇ ತಿಳಿದುಕೊಂಡಿದೆ.

ಮರಿಯಮ್ಮನದು ಇನ್ನೊಂದು ಬಗೆ. ಅವಳ ಬಿ.ಪಿ. ಚೆನ್ನಾಗಿ ಇಳಿಯಿತು, ಇಡೀ ವಾರ್ಡಿನಲ್ಲಿ ಅವಳದೇ ಮಾದರಿ ಎಂದು ಡಾಕ್ಟರುಗಳು ಚೀಟಿ ಹಿಡಿದು ಮಾತಾಡಿಕೊಂಡರು. ಗಂಡು ಮಗು ಒಂದೂವರೆ ಕಿಲೋ ಇತ್ತು. ಹಾಲು ಚೀಪಲು ಅದಕ್ಕೆ ಶಕ್ತಿಯಿರಲಿಲ್ಲ. ಮನೆಗೆ ಕರೆದೊಯ್ದ ಮೇಲೆ, ಹುಟ್ಟಿದ ಹನ್ನೊಂದನೇ ದಿನ, ಹೋಯಿತು. ಎಷ್ಟೋ ತಿಂಗಳ ಮೇಲೆ ನನ್ನ ಹತ್ತಿರ ಕುಳಿತು ಅವಳು ಹೇಳಿದ್ದು ಇಷ್ಟೇ: “ಒಂದು ಸಲನಾದ್ರೂ ಜೋರಾಗಿ ಅತ್ತಿದ್ರೆ ಆಗಿತ್ತಕ್ಕಾ. ಅದ್ರ ದನಿ ಎಂಗಿತ್ತು ಅಂತ್ಲೇ ನಂಗೆ ಗೊತ್ತಿಲ್ಲ.”

ತಮ್ಮ ಹೇಳಿಕೆ ಓದಿದ ಮೇಲೆ ಆ ಆಸ್ಪತ್ರೆಗೆ ಹೋದೆ. ನಮ್ಮನ್ನು ನೋಡಿಕೊಂಡ ಹಿರಿಯ ಸಿಸ್ಟರ್ ಇನ್ನೂ ಅಲ್ಲೇ ಇದ್ದರು. ನನ್ನ ಗುರುತು ಹಿಡಿದು, ಪಾಪ, ಹಳೆಯ ಫಾರಂ ಹುಡುಕಿ ತೆಗೆದರು.

“ನಿಮ್ದು ಚೆನ್ನಾಗಿ ಆದ ಕೇಸು ಅಂತ ಬರ್ದಿದೆಯಲ್ಲಮ್ಮ?”

ಎಡಗೈಯಿಂದ ಬಲಗೈಯನ್ನು ಎತ್ತಿ ಅವರ ಮೇಜಿನ ಮೇಲಿಟ್ಟೆ. “ಇದನ್ನ ಎಲ್ಲಿ ಬರೀತೀರಾ ಸಿಸ್ಟರ್?”

ಅವರು ಫಾರಂ ತಿರುಗಿಸಿ ನೋಡಿದರು, ಮತ್ತೆ ತಿರುಗಿಸಿದರು. “ಇದ್ರಲ್ಲಿ ಜಾಗ ಇಲ್ಲಮ್ಮ. ಮನೆಗೆ ಕಳ್ಸೋ ದಿನಕ್ಕೆ ಮುಗ್ದೋಗುತ್ತೆ” ಎಂದರು. ಅವರ ಕಣ್ಣು ತುಂಬಿದ್ದವು. ನಾನೇ ಸಮಾಧಾನ ಮಾಡಿದೆ.

ಪ್ರಯೋಗ ನಡೆದ ಇನ್ನೊಂದು ಆಸ್ಪತ್ರೆಯಲ್ಲೂ ಮೊದಲು ಕೆಲಸ ಮಾಡಿದ್ದ ಅವರೇ ಉಳಿದದ್ದನ್ನು ಹೇಳಿದರು. ಅಲ್ಲಿ ಆರು ವಾರದವರೆಗೆ ವಿಚಾರಿಸುತ್ತಾರಂತೆ, ಆದರೆ ಕೇಳುವುದು ಫಿಟ್ಸ್ ಬಂತೇ ಎಂದು ಮಾತ್ರ. ಮಗುವಿನ ಸುದ್ದಿಯೇ ಇಲ್ಲ. ಇಲ್ಲಿ ಮಲಗಿಸಿ ಬಿ.ಪಿ. ನೋಡಿದರೆ ಅಲ್ಲಿ ಕೂರಿಸಿ ನೋಡುತ್ತಾರೆ. ಇಲ್ಲಿ ನೂರ ನಲವತ್ತು ದಾಟಿದರೆ ಕಾಯಿಲೆ, ಅಲ್ಲಿ ನೂರ ಅರವತ್ತು ದಾಟಬೇಕು. ಅಂದರೆ ನಾನು ಅಲ್ಲಿಗೆ ಹೋಗಿದ್ದರೆ ನನ್ನ ಫಿಟ್ಸ್ ಅವರ ಪುಸ್ತಕಕ್ಕೆ ಸೇರುತ್ತಿತ್ತು. ಮರಿಯಮ್ಮ ಎಲ್ಲಿಗೆ ಹೋಗಿದ್ದರೂ ಅವಳ ಕೂಸು ಯಾವ ಪುಸ್ತಕಕ್ಕೂ ಸೇರುತ್ತಿರಲಿಲ್ಲ. ಮೇಲಧಿಕಾರಿಗಳೇ, ಇವೆರಡನ್ನೂ ಅಕ್ಕಪಕ್ಕ ಇಟ್ಟು ‘ಸಮಾನ’ ಎನ್ನುವ ವಿದ್ಯೆಯನ್ನು ತಾವು ಯಾವ ಕಾಲೇಜಿನಲ್ಲಿ ಕಲಿತಿರಿ?

ನಾನು ಹೆಚ್ಚು ಓದಿದವಳಲ್ಲ, ಕಾರ್ಖಾನೆಯವಳು. ಒಮ್ಮೆ ನಮ್ಮಲ್ಲಿಂದ ಹೋದ ಒಂದು ಲೋಡು ಕಾಯಿಲ್ ಪೂರ್ತಿ ವಾಪಸು ಬಂತು. ಮೊದಲ ಪಾಳಿಯವರು ಒಳಗಿನ ಅಳತೆ ನೋಡಿ ಪಾಸು ಮಾಡಿದ್ದರು, ಎರಡನೇ ಪಾಳಿಯವರು ಹೊರಗಿನ ಅಳತೆ ನೋಡಿ. ಸೂಪರ್‌ವೈಸರ್ ಲಕ್ಷ್ಮಣಪ್ಪನವರು ತಲೆ ಚಚ್ಚಿಕೊಂಡು, “ಒಬ್ಬೊಬ್ರು ಒಂದೊಂದು ನೋಡಿದ್ರೆ ಯಾವ್ದು ಕೆಟ್ಟೈತೆ ಅಂತ ಎಂಗ್ರಮ್ಮ ಗೊತ್ತಾಗೋದು?” ಎಂದರು. ಮಾರನೇ ದಿನದಿಂದ ಮೂರು ಪಾಳಿಗೂ ಒಂದೇ ಕಾರ್ಡು. ಏನೇನು ನೋಡಬೇಕು, ಹೇಗೆ ನೋಡಬೇಕು, ಎಲ್ಲ ಅದರಲ್ಲಿ ಅಚ್ಚಾಗಿತ್ತು. ಇಷ್ಟಕ್ಕೆ ನಮಗೆ ಒಂದು ರಾತ್ರಿ ಸಾಕಾಯಿತು. ತಾಮ್ರದ ಸುರುಳಿಗೆ ಸಿಕ್ಕಿದ ಈ ಮರ್ಯಾದೆ ಬಾಣಂತಿಗೆ ಸಿಗಲು ಎಷ್ಟು ವರ್ಷ ಬೇಕು?

ಮಾತ್ರೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನನ್ನ ಕೈ ಹೋದದ್ದು, ಆ ಕೂಸು ಹೋದದ್ದು ಮಾತ್ರೆಯಿಂದಲೋ, ಕಾಯಿಲೆಯಿಂದಲೋ, ಅಥವಾ ಮಾತ್ರೆ ಇಲ್ಲದಿದ್ದರೆ ಇನ್ನೂ ಕೆಟ್ಟದ್ದಾಗುತ್ತಿತ್ತೋ, ನನಗೆ ಗೊತ್ತಿಲ್ಲ. ನನ್ನ ಎದೆ ಒಡೆಯುವುದು ತಮಗೂ ಗೊತ್ತಿಲ್ಲವಲ್ಲ ಎಂದು. ಗೊತ್ತು ಮಾಡಿಕೊಳ್ಳಲೆಂದೇ ನಾವು ನಮ್ಮ ಮೈಯನ್ನು ಒಪ್ಪಿಸಿದ್ದೆವು.

ಆದ್ದರಿಂದ ಕೇಳುತ್ತೇನೆ. ಈ ಕಾಯಿಲೆಯ ಮೇಲೆ ಯಾವ ಆಸ್ಪತ್ರೆ ಪ್ರಯೋಗ ನಡೆಸಿದರೂ ತಪ್ಪದೆ ಬರೆಯಬೇಕಾದ ಸಂಗತಿಗಳ ಒಂದೇ ಪಟ್ಟಿ ಮಾಡಿಸಿ. ತಾಯಿ ಉಳಿದಳೇ, ಫಿಟ್ಸ್ ಬಂತೇ, ಕೈಕಾಲು, ಕಣ್ಣು, ಮೂತ್ರಪಿಂಡ ಸರಿಯಿವೆಯೇ. ಮಗು ಹುಟ್ಟಿದಾಗ ಮಾತ್ರವಲ್ಲ, ತಿಂಗಳ ಮೇಲೂ ಇದೆಯೇ. ಬಿ.ಪಿ. ನೋಡುವ ರೀತಿಯೂ ಎಲ್ಲ ಕಡೆ ಒಂದೇ ಇರಲಿ. ಆರು ವಾರದ ಮುಂಚೆ ಯಾರ ಕಡತವನ್ನೂ ಮುಚ್ಚಬೇಡಿ. ಪಟ್ಟಿ ಮಾಡಲು ಕೂರುವಾಗ ಡಾಕ್ಟರುಗಳ ನಡುವೆ ನಾಲ್ಕು ಜನ ತಾಯಂದಿರನ್ನೂ ಕೂರಿಸಿ. ಅವರಿಗೆ ಅಂಕಿಅಂಶ ಬಾರದಿರಬಹುದು. ಏನಾಗಬಾರದಿತ್ತು ಎಂಬುದು ಅವರಷ್ಟು ಚೆನ್ನಾಗಿ ಇನ್ನಾರಿಗೂ ತಿಳಿಯದು.

ಇಷ್ಟು ಅವಸರವೇಕೆಂದರೆ, ಮರಿಯಮ್ಮ ಮತ್ತೆ ಬಸುರಿ, ಈಗ ಆರು ತಿಂಗಳು. ಬಿ.ಪಿ. ಮತ್ತೆ ಏರಿದೆ. ಮತ್ತೊಂದು ಪ್ರಯೋಗಕ್ಕೆ ಸೇರುತ್ತೀಯಾ ಎಂದು ಕೇಳಿದ್ದಾರಂತೆ. ಬರುವ ಬುಧವಾರ ಉತ್ತರ ಹೇಳಬೇಕು. ನಿನ್ನೆ ಸಂಜೆ ನಮ್ಮ ಜಗಲಿಯ ಮೇಲೆ ಕುಳಿತು, “ನೀನು ಓದ್ದೋಳು, ನೀನೇ ಯೋಳಕ್ಕಾ. ಈ ಸಲ ಕೂಸು ಓಗ್ಬಿಟ್ರೆ ಬರ್ಕೊಂತಾರಾ?” ಎಂದಳು. ಬರೆದುಕೊಳ್ಳುತ್ತಾರೆ ಎಂದು ಅವಳಿಗೆ ಹೇಳಲು ನನಗೆ ತಮ್ಮ ಒಂದು ಸಾಲಿನ ಆಜ್ಞೆ ಸಾಕು.

ಇಂತಿ,
ಬುಧವಾರದೊಳಗೆ ಗೆಳತಿಗೆ ಉತ್ತರ ಕೊಡಬೇಕಾದ
ಅನುಸೂಯಮ್ಮ
ಚೊಕ್ಕಸಂದ್ರ, ಆಗಸ್ಟ್ ೧೯೮೭